ಕ್ಷಮೆಯೇ ಇಲ್ಲದ ಪಾಪ ಮಾಡಿಬಿಟ್ಟೆನಾ ಅನ್ನುವ ಭಯಕ್ಕೆ

ನೀವು ಬರೆದಿದ್ದರಲ್ಲಿ ಮೂರು ಪ್ರಶ್ನೆ ಇವೆ. ಪ್ರಾರ್ಥನೆಗೆ ಕೂತಾಗಲೆಲ್ಲ ಪವಿತ್ರಾತ್ಮನ ಮೇಲೆ ಕೆಟ್ಟ ಬೈಗುಳ ತಾನಾಗಿಯೇ ತಲೆಗೆ ಬರುತ್ತದೆ, ಇದು ಕ್ಷಮೆಯಿಲ್ಲದ ಪಾಪವಾ ಅನ್ನುವುದು ಒಂದು. ಹಿಂದೆ ಗೆಳೆಯನ ಜೊತೆ ಒಂದು ಕೂಟಕ್ಕೆ ಹೋಗಿದ್ದಾಗ ಅನ್ಯಭಾಷೆಯಲ್ಲಿ, ಅಂದರೆ ಪವಿತ್ರಾತ್ಮನ ಪ್ರೇರಣೆಯಿಂದ ತಮಗೇ ತಿಳಿಯದ ಭಾಷೆಯಲ್ಲಿ, ಪ್ರಾರ್ಥಿಸುವವರನ್ನು ನೋಡಿ ನಕ್ಕಿದ್ದಿರಿ, ಅದೇ ಪವಿತ್ರಾತ್ಮ ದೂಷಣೆ ಅಂತ ಸಭೆಯ ಹಿರಿಯರೊಬ್ಬರು ಹೇಳಿದ್ದಾರೆ, ಅದು ನಿಜವಾ ಅನ್ನುವುದು ಎರಡನೆಯದು. ಅಲ್ಲಿಂದ ಕರ್ತನ ಭೋಜನಕ್ಕೆ, ಅಂದರೆ ಆರಾಧನೆಯಲ್ಲಿ ಹಂಚುವ ರೊಟ್ಟಿ ದ್ರಾಕ್ಷಾರಸಕ್ಕೆ, ಕೈ ಚಾಚಿಲ್ಲ, ಈ ಭಾನುವಾರ ತೆಗೆದುಕೊಳ್ಳಬಹುದಾ ಅನ್ನುವುದು ಮೂರನೆಯದು.

ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಆ ಪಾಪ ಮಾಡಿಲ್ಲ. ನಕ್ಕಿದ್ದೂ ಆ ಪಾಪವಲ್ಲ. ಭೋಜನ ತೆಗೆದುಕೊಳ್ಳಿ. ಇದನ್ನು ಒಂದೇ ಸಲ ಹೇಳುತ್ತಿದ್ದೇನೆ. 'ಆದರೂ ಅಕ್ಕಾ, ನನ್ನ ವಿಷಯ ಬೇರೆ' ಅಂತ ಮತ್ತೆ ಕೇಳಿದರೆ ಮತ್ತೆ ಹೇಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಬೇರೆ ಪಾಪ, ದೂಷಣೆಗಳಿಗೆ ಕ್ಷಮೆ ಉಂಟು, ಪವಿತ್ರಾತ್ಮ ದೂಷಣೆಗೆ ಮಾತ್ರ ಇಲ್ಲ ಅಂತ ಯೇಸುಸ್ವಾಮಿ ಎಚ್ಚರಿಸುವ ಮತ್ತಾಯ 12ರ 31 ಮತ್ತು 32ನೇ ವಚನಗಳನ್ನು ಈ ಭಯ ಹಿಡಿದವರು ಬಾಯಿಪಾಠ ಆಗುವಷ್ಟು ಓದಿರುತ್ತಾರೆ. ಅದರ ಹಿಂದಿನ ಹತ್ತು ವಚನಗಳನ್ನು ಮಾತ್ರ ಸರಿಯಾಗಿ ನೋಡಿರುವುದಿಲ್ಲ. ಅಲ್ಲಿ ಆಗುವುದು ಇಷ್ಟು. ದೆವ್ವ ಹಿಡಿದು ಕಣ್ಣೂ ಮಾತೂ ಹೋಗಿದ್ದ ಒಬ್ಬನನ್ನು ಯೇಸುಸ್ವಾಮಿ ವಾಸಿಮಾಡುತ್ತಾರೆ. ಜನ ಬೆರಗಾಗಿ, ಇವನೇ ದಾವೀದನ ಕುಮಾರ, ಅಂದರೆ ಬರಬೇಕಾಗಿದ್ದ ರಕ್ಷಕ, ಇರಬಹುದಾ ಅಂತ ಮಾತಾಡಿಕೊಳ್ಳುತ್ತಾರೆ. ಆ ಮಾತು ಯೆಹೂದ್ಯರಲ್ಲಿ ಕಟ್ಟುನಿಟ್ಟಿನ ಪಂಗಡದವರಾದ ಫರಿಸಾಯರ ಕಿವಿಗೆ ಬೀಳುತ್ತದೆ. ರೋಗಿ ವಾಸಿಯಾಗಿಲ್ಲ ಅಂತ ಅವರು ಹೇಳುವ ಹಾಗಿಲ್ಲ, ಅವನು ಎದುರಿಗೇ ನಿಂತಿದ್ದಾನೆ. ಆದ್ದರಿಂದ ಇದು ದೆವ್ವಗಳ ಒಡೆಯ ಬೆಲ್ಜೆಬೂಲನ ಬಲದಿಂದ ಆದ ಕೆಲಸ ಅಂತ ಜನರ ಮುಂದೆ ತೀರ್ಪು ಕೊಡುತ್ತಾರೆ. ಮಾರ್ಕ 3ರಲ್ಲಿ ಇದೇ ಮಾತಾಡುವವರು ಯೆರೂಸಲೇಮಿನಿಂದ ಇಳಿದುಬಂದ ಶಾಸ್ತ್ರಿಗಳು. ಯೇಸುಸ್ವಾಮಿ ಆ ಎಚ್ಚರಿಕೆ ಯಾಕೆ ಕೊಟ್ಟರು ಅನ್ನುವುದನ್ನೂ ಮಾರ್ಕ 30ನೇ ವಚನದಲ್ಲಿ ಬಿಡಿಸಿ ಹೇಳುತ್ತಾನೆ: ಅವನಲ್ಲಿ ದೆವ್ವ ಇದೆ ಅಂತ ಅವರು ಹೇಳುತ್ತಿದ್ದರು, ಅದಕ್ಕೆ.

ಅದೇ ಅಧ್ಯಾಯದ 21ನೇ ವಚನ ಓದಿ. ಯೇಸುಸ್ವಾಮಿಯ ಮನೆಯವರೇ, ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡು ಹಿಡಿದುಕೊಂಡು ಹೋಗಲು ಹೊರಡುತ್ತಾರೆ. ಅದೇನು ಸಣ್ಣ ಮಾತಾ? ಆದರೂ ಆ ಎಚ್ಚರಿಕೆ ಅವರಿಗೆ ಕೊಟ್ಟಿದ್ದಲ್ಲ. ಆತನ ತಮ್ಮಂದಿರು ಕೂಡ ಆಗ ನಂಬಿರಲಿಲ್ಲ ಅಂತ ಯೋಹಾನ 7:5ರಲ್ಲಿದೆ. ಅವರಲ್ಲಿ ಒಬ್ಬನಾದ ಯಾಕೋಬ ಮುಂದೆ ಯೆರೂಸಲೇಮ್ ಸಭೆಗೇ ಮುಖಂಡನಾದ. ಯೇಸುಸ್ವಾಮಿಯ ಶಿಷ್ಯನೇ ಆಗಿದ್ದ ಪೇತ್ರ ಆಣೆಯಿಟ್ಟು, ಶಪಿಸಿಕೊಂಡು, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಅಂದ. ಪೌಲನಂತೂ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ತಾನು ಮೊದಲು ದೂಷಕನಾಗಿದ್ದೆ ಅಂತಲೇ ಬರೆದುಕೊಂಡಿದ್ದಾನೆ. ಇವರೆಲ್ಲ ಬೇಕು ಅಂತಲೇ ಬಾಯಿಬಿಟ್ಟು ಆಡಿದವರು. ನಿಮ್ಮದು ಬೇಡ ಬೇಡ ಅಂದರೂ ನುಗ್ಗುವ ಯೋಚನೆ.

ನಕ್ಕ ವಿಷಯಕ್ಕೆ ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯ ಸಾಕು. ಪಂಚಾಶತ್ತಮ ದಿನ ಪವಿತ್ರಾತ್ಮ ಇಳಿದುಬಂದು ಶಿಷ್ಯರು ಬೇರೆ ಬೇರೆ ಭಾಷೆಗಳಲ್ಲಿ ಮಾತಾಡುತ್ತಿದ್ದಾರೆ. ಪಕ್ಕದಲ್ಲಿ ನಿಂತ ಕೆಲವರು, ಇವರು ದ್ರಾಕ್ಷಾರಸ ಕುಡಿದು ಅಮಲೇರಿದವರು ಅಂತ ಹಾಸ್ಯ ಮಾಡುತ್ತಾರೆ. ಅನ್ಯಭಾಷೆಯನ್ನು ಹಾಸ್ಯ ಮಾಡುವುದೇ ಕ್ಷಮೆಯಿಲ್ಲದ ಪಾಪವಾಗಿದ್ದರೆ ಪೇತ್ರ ಅಲ್ಲೇ ಹೇಳಬೇಕಿತ್ತು, ಅಲ್ವಾ? ಅವನು ಹೇಳಿದ್ದು, ಈಗಿನ್ನೂ ಬೆಳಿಗ್ಗೆ ಒಂಬತ್ತು ಗಂಟೆ, ಯಾರೂ ಕುಡಿದಿಲ್ಲ ಅಂತ. ಆಮೇಲೆ ಅದೇ ಗುಂಪಿಗೆ ಪ್ರಸಂಗ ಮಾಡಿದ, ಮಾನಸಾಂತರಪಡಿರಿ ಅಂದ. ಆ ದಿನ ಸುಮಾರು 3,000 ಜನ ದೀಕ್ಷಾಸ್ನಾನ ತೆಗೆದುಕೊಂಡರು. ಪ್ರಾರ್ಥಿಸುವವರನ್ನು ನೋಡಿ ನಗುವುದು ಒಳ್ಳೆಯ ನಡತೆಯಲ್ಲ, ನಿಜ. ಆ ಗೆಳೆಯನ ಹತ್ತಿರ ಒಂದು ಸಲ ಸಾರಿ ಕೇಳಿ, ಮುಗಿಯಿತು.

ಇಬ್ರಿಯರಿಗೆ ಬರೆದ ಪತ್ರದ 6 ಮತ್ತು 10ನೇ ಅಧ್ಯಾಯಗಳೂ ನಿಮ್ಮನ್ನು ಹೆದರಿಸಿರಬಹುದು. ಅವು ಹಿಂಸೆ, ಅವಮಾನಗಳ ನಡುವೆ ಕ್ರಿಸ್ತನನ್ನೇ ಬಿಟ್ಟು ಹೊರಟುಬಿಡುವ ಅಪಾಯದ ಬಗ್ಗೆ ಇರುವ ಮಾತುಗಳು. ಅದೇ 6ನೇ ಅಧ್ಯಾಯದ 9ನೇ ವಚನದಲ್ಲಿ, ಹೀಗೆ ಮಾತಾಡಿದರೂ ನಿಮ್ಮ ಬಗ್ಗೆ ನಮಗೆ ಒಳ್ಳೆಯ ಭರವಸೆಯೇ ಇದೆ ಅಂತ ಇದೆ. ಅಲ್ಲಿಗೆ ಬರುವ ಮೊದಲೇ ಎಲ್ಲರೂ ಪುಸ್ತಕ ಮುಚ್ಚಿರುತ್ತಾರೆ.

ಇನ್ನು ಎಲ್ಲ ಕಡೆ ಸಿಗುವ ಉತ್ತರಕ್ಕೆ ಬರುತ್ತೇನೆ. 'ನಿಮಗೆ ಭಯ ಇದೆ ಅಂದರೆ ನೀವು ಆ ಪಾಪ ಮಾಡಿಲ್ಲ ಅಂತಲೇ ಅರ್ಥ.' ಪಾಸ್ಟರ್, ಫಾದರ್, ಸಂಡೇ ಸ್ಕೂಲ್ ಟೀಚರ್ ಎಲ್ಲರೂ ಇದನ್ನೇ ಹೇಳುತ್ತಾರೆ. ಮಾತು ಸರಿಯಾಗಿಯೇ ಇದೆ. ಆದರೂ ನನಗೆ ಈ ಉತ್ತರದ ಮೇಲೆ ಸ್ವಲ್ಪ ಸಿಟ್ಟಿದೆ. ಡಿಗ್ರಿ ಓದುವಾಗ ನನಗೂ ಇದೇ ಭಯ ಹಿಡಿದಿತ್ತು. ಆಗ ಈ ಉತ್ತರ ಕೇಳಿ ಒಂದು ಸಂಜೆ ಹಾಯಾಗಿದ್ದೆ. ಮರುದಿನವೇ ಹೊಸ ಲೆಕ್ಕ ಶುರುವಾಯಿತು: ನನಗೆ ಸಾಕಷ್ಟು ಭಯ ಇದೆಯಾ? ಇವತ್ತು ಗೆಳತಿಯರ ಜೊತೆ ನಕ್ಕೆ, ಹೊಟ್ಟೆ ತುಂಬ ಊಟ ಮಾಡಿದೆ. ಹಾಗಾದರೆ ಭಯ ಹೋಗಿದೆ. ಭಯ ಹೋಗಿದೆ ಅಂದರೆ ದೇವರ ಮಾತಿಗೆ ಬಗ್ಗದ ಐಗುಪ್ತದ ರಾಜ ಫರೋಹನ ಹಾಗೆ ನನ್ನ ಹೃದಯ ಕಲ್ಲಾಗಿದೆ! ಹೀಗೆ ಸಮಾಧಾನವೇ ಶಿಕ್ಷೆಯ ಗುರುತಾಗಿ ಕಾಣತೊಡಗುತ್ತದೆ. ಕ್ಷಮೆ ಸಿಕ್ಕಿದೆ ಅಂತ ತೋರಿಸಿಕೊಳ್ಳುವುದಕ್ಕೇ ದಿನವೂ ಭಯವನ್ನು ಊದಿ ಊದಿ ಉರಿಸಬೇಕಾಗುತ್ತದೆ. ನಮ್ಮ ಸಭೆಯ ಯುವಜನ ಕೂಟ ನೋಡಿಕೊಳ್ಳಲು ಶುರುಮಾಡಿದ ಮೇಲೆ ಬೇರೆ ಹುಡುಗ ಹುಡುಗಿಯರೂ ಇದೇ ಬಲೆಯಲ್ಲಿ ಸಿಕ್ಕಿದ್ದನ್ನು ನೋಡಿದ್ದೇನೆ.

ಇಂಗ್ಲೆಂಡಿನ ಜಾನ್ ಬನ್ಯನ್ ಹೆಸರು ನೀವು ಕೇಳಿರಬಹುದು. ಪಾತ್ರೆ ರಿಪೇರಿ ಮಾಡುವ ಕಸುಬಿನವನು, ಮುಂದೆ ದೊಡ್ಡ ಬೋಧಕನಾದವನು. 1666ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಅವನು ಈ ಕಾಟದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಪವಿತ್ರಾತ್ಮನ ವಿರುದ್ಧದ ಆ ಮಾತು ಎಲ್ಲಿ ಬಾಯಿಂದ ಜಾರಿಬಿಡುತ್ತದೋ ಅಂತ ಗದ್ದದ ಕೆಳಗೆ ಕೈ ಒತ್ತಿ ಬಾಯಿ ಮುಚ್ಚಿ ಹಿಡಿಯಬೇಕು ಅನ್ನಿಸುತ್ತಿತ್ತಂತೆ. ತಲೆಕೆಳಗಾಗಿ ತಿಪ್ಪೆಗುಂಡಿಗೆ ಹಾರಿಕೊಳ್ಳಲೇ ಅಂತಲೂ ಯೋಚಿಸಿದ್ದನಂತೆ. ಆಮೇಲೆ 'ಕ್ರಿಸ್ತನನ್ನು ಮಾರಿಬಿಡು, ಮಾರಿಬಿಡು' ಅನ್ನುವ ಯೋಚನೆ ಬೆನ್ನು ಹತ್ತಿತು. ಊಟಕ್ಕೆ ಕೂತರೂ ಅದೇ, ಸೌದೆ ಸೀಳಿದರೂ ಅದೇ. ಇಲ್ಲ, ಮಾರಲ್ಲ, ಸಾವಿರ ಲೋಕ ಕೊಟ್ಟರೂ ಮಾರಲ್ಲ ಅಂತ ಉತ್ತರ ಕೊಟ್ಟು ಕೊಟ್ಟು ಸೋತ. ಒಂದು ಬೆಳಿಗ್ಗೆ ಹಾಸಿಗೆಯಲ್ಲಿ 'ಬೇಕಾದರೆ ಹೋಗಲಿ' ಅನ್ನುವ ಯೋಚನೆ ಹಾದುಹೋಯಿತು. ಮುಗಿದೇ ಹೋಯಿತು, ನಾನು ಜ್ಯೇಷ್ಠತ್ವ ಮಾರಿಕೊಂಡ ಏಸಾವ ಅಂದುಕೊಂಡು ಬಹಳ ಕಾಲ ಒದ್ದಾಡಿದ.

ಆ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಬೇರೆ. ಬನ್ಯನ್ ಧೈರ್ಯ ಮಾಡಿ ಒಬ್ಬ ಹಿರಿಯ ವಿಶ್ವಾಸಿಯ ಹತ್ತಿರ ಹೋಗಿ ಎಲ್ಲ ಹೇಳಿಕೊಳ್ಳುತ್ತಾನೆ. ನಾನು ಪವಿತ್ರಾತ್ಮನಿಗೆ ವಿರುದ್ಧವಾದ ಪಾಪ ಮಾಡಿದ್ದೇನೆ ಅನ್ನಿಸುತ್ತಿದೆ ಅನ್ನುತ್ತಾನೆ. ಆ ಹಿರಿಯ, ನನಗೂ ಹಾಗೇ ಅನ್ನಿಸುತ್ತದೆ ಅನ್ನುತ್ತಾನೆ! ಇನ್ನೂ ಸ್ವಲ್ಪ ಮಾತಾಡಿದ ಮೇಲೆ ಬನ್ಯನ್‌ಗೆ ಗೊತ್ತಾಗುತ್ತದೆ, ಈ ಮನುಷ್ಯ ಒಳ್ಳೆಯವನೇ, ಆದರೆ ಇಂಥ ಹೋರಾಟದ ಅನುಭವ ಇಲ್ಲದವನು ಅಂತ. ನಿಮ್ಮ ಸಭೆಯ ಹಿರಿಯರ ಮಾತು ಓದಿದಾಗ ನನಗೆ ಮೊದಲು ನೆನಪಾಗಿದ್ದು ಈ ಮುದುಕ.

ಎಲ್ಲರಿಗೂ ಬನ್ಯನ್‌ಗೆ ಆದ ಹಾಗೆ ಕೊನೆಗೆ ಬಿಡುಗಡೆ ಆಗಲಿಲ್ಲ. ವಿಲಿಯಂ ಕೌಪರ್ ಅನ್ನುವ ಕವಿ ಬರೆದ ಕೀರ್ತನೆಗಳನ್ನು ಇಂಗ್ಲಿಷ್ ಆರಾಧನೆಗಳಲ್ಲಿ ಈಗಲೂ ಹಾಡುತ್ತಾರೆ. ಅವನು 1773ರಿಂದ 1800ರಲ್ಲಿ ಸಾಯುವವರೆಗೂ ದೇವರು ತನ್ನನ್ನು ಕೈಬಿಟ್ಟಿದ್ದಾರೆ ಅಂತಲೇ ನಂಬಿದ್ದ. ಜಾನ್ ನ್ಯೂಟನ್‌ನಂಥ ಬೋಧಕ ಪಕ್ಕದಲ್ಲೇ ಗೆಳೆಯನಾಗಿದ್ದರೂ ಸಮಾಧಾನದ ಮಾತು ಅವನಿಗೆ ತಾಗಲಿಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಕೌಪರ್‌ಗೆ ನಂಬಿಕೆ ಕಡಿಮೆ ಇರಲಿಲ್ಲ, ಕಾಯಿಲೆ ಇತ್ತು. ಆಗ ಅದಕ್ಕೆ ಸರಿಯಾದ ಔಷಧಿ ಇರಲಿಲ್ಲ. ಈಗ ಇದೆ.

ನೀವು ಹೇಳಿದ ಲಕ್ಷಣಗಳು ಗೀಳು ಕಾಯಿಲೆಗೆ, ಅಂದರೆ ಒಸಿಡಿಗೆ, ತುಂಬ ಹತ್ತಿರ ಇವೆ. ಕೈ ತೊಳೆಯುವುದು, ಬೀಗ ನೋಡುವುದು ಮಾತ್ರ ಒಸಿಡಿ ಅಂತ ಬಹಳ ಜನ ತಿಳಿದಿದ್ದಾರೆ. ಅದು ಧರ್ಮದ ವಿಷಯವನ್ನೂ ಹಿಡಿದುಕೊಳ್ಳುತ್ತದೆ. ನಮಗೆ ಯಾವುದು ತುಂಬ ಮುಖ್ಯವೋ ಅಲ್ಲೇ ಬಂದು ಕೂರುತ್ತದೆ. ಎಳೆ ಮಗುವಿನ ತಾಯಿಗೆ ಮಗುವಿಗೆ ಎಲ್ಲಿ ಏನು ಮಾಡಿಬಿಡುತ್ತೇನೋ ಅನ್ನುವ ಯೋಚನೆ ಬರುತ್ತದೆ. ಮುಸ್ಲಿಮರಲ್ಲಿ ವುಜೂ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವುದು, ಸರಿಯಾಗಿ ಆಗಿಲ್ಲ ಅಂತ ಮತ್ತೆ ಮತ್ತೆ ತೊಳೆಯುವವರಿದ್ದಾರೆ. ದೇವರ ಕೋಣೆಯಲ್ಲಿ ಕೆಟ್ಟ ಚಿತ್ರ ತಲೆಗೆ ಬರುತ್ತದೆ ಅಂತ ಅಳುವ ಹಿಂದೂಗಳಿದ್ದಾರೆ. 1978ರಲ್ಲಿ ಲಂಡನ್ನಿನ ರಾಕ್‌ಮನ್ ಮತ್ತು ಡಿ ಸಿಲ್ವಾ ಅನ್ನುವ ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದವರನ್ನು ಕೇಳಿ ನೋಡಿದರು. ಅವರಲ್ಲೂ ಬಹುಪಾಲು ಜನಕ್ಕೆ ಇಂಥ ಬೇಡದ ಯೋಚನೆಗಳು ಬರುತ್ತಿದ್ದವು. ವ್ಯತ್ಯಾಸ ಇಷ್ಟೇ: ಅವರು 'ಥೂ, ಇದೆಂಥ ಯೋಚನೆ' ಅಂದುಕೊಂಡು ಮುಂದೆ ಹೋಗುತ್ತಾರೆ. ನಮ್ಮಂಥವರು ಅಲ್ಲೇ ನಿಂತು ವಿಚಾರಣೆ ಶುರುಮಾಡುತ್ತೇವೆ.

ಆ ವಿಚಾರಣೆಯೇ ಕಾಯಿಲೆಗೆ ಊಟ. ಯೋಚನೆ ಬಂದ ಕೂಡಲೇ 'ಕ್ಷಮಿಸು ಕರ್ತನೇ' ಅಂತ ಹತ್ತು ಸಲ ಹೇಳುವುದು, ಪ್ರಾರ್ಥನೆಯನ್ನು ಮೊದಲಿನಿಂದ ಶುರುಮಾಡುವುದು, ತಲೆ ಕೊಡವುವುದು, ಪವಿತ್ರಾತ್ಮ ಅನ್ನುವ ಹೆಸರು ಬರುವ ಹಾಡು ಬಿಡುವುದು, ರಾತ್ರಿ ಎರಡು ಗಂಟೆಗೆ ಗೂಗಲ್ ಮಾಡುವುದು, ಒಬ್ಬ ಪಾಸ್ಟರ್ ಆದ ಮೇಲೆ ಇನ್ನೊಬ್ಬ ಪಾಸ್ಟರನ್ನು ಕೇಳುವುದು. ಇದರಲ್ಲಿ ಎಷ್ಟು ನಿಮ್ಮದು ಅಂತ ನೀವೇ ನೋಡಿಕೊಳ್ಳಿ. ಒಂದೊಂದು ಸಲವೂ ಸ್ವಲ್ಪ ಹೊತ್ತು ಹಗುರ ಆಗುತ್ತದೆ, ಆಮೇಲೆ ಭಯ ಮೊದಲಿಗಿಂತ ಜಾಸ್ತಿ ಆಗುತ್ತದೆ. ಮತ್ತೆ ಕೇಳಿದರೆ ಉತ್ತರ ಕೊಡುವುದಿಲ್ಲ ಅಂದದ್ದು ಇದಕ್ಕೇ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ ಕೂಡ 1522ರ ಹೊತ್ತಿಗೆ ಸ್ಪೇನಿನ ಮನ್ರೇಸಾದಲ್ಲಿ ಹೀಗೇ ಸಿಕ್ಕಿಬಿದ್ದಿದ್ದರು. ಗುರುಗಳ ಹತ್ತಿರ ಒಮ್ಮೆ ಹೇಳಿಕೊಂಡ ಪಾಪವನ್ನೇ ಮತ್ತೆ ಮತ್ತೆ ನಿವೇದನೆ ಮಾಡುತ್ತಿದ್ದರು, ಸಾಯುವ ಯೋಚನೆಯೂ ಬಂದಿತ್ತು. ಹಳೆಯ ಪಾಪಗಳನ್ನು ಇನ್ನು ನಿವೇದನೆ ಮಾಡುವುದೇ ಇಲ್ಲ ಅಂತ ತೀರ್ಮಾನ ಮಾಡಿದ ಮೇಲೆ ಹೊರಬಂದರು.

ನೀವೂ ಹಾಗೇ ಮಾಡಬೇಕು. ಪ್ರಾರ್ಥನೆ ಮಧ್ಯೆ ಬೈಗುಳ ಬಂದರೆ ಅದಕ್ಕೆ ಉತ್ತರ ಕೊಡಬೇಡಿ, ಕ್ಷಮೆಯೂ ಕೇಳಬೇಡಿ. ನಿಂತ ಸಾಲಿನಿಂದಲೇ ಮುಂದುವರಿಸಿ, ಹಿಂದಕ್ಕೆ ಹೋಗಬೇಡಿ. ಮೊದಮೊದಲು ಎದೆ ಡವಡವ ಅನ್ನುತ್ತದೆ. ಅನ್ನಲಿ.

ಒಬ್ಬರೇ ಮಾಡುವುದು ಕಷ್ಟ, ಡಾಕ್ಟರ ಹತ್ತಿರ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೇ ಬೇರೆ ಕ್ಲಿನಿಕ್ ಇದೆ. ದೂರ ಆದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಡಾಕ್ಟರ್ ಕ್ರೈಸ್ತರೇ ಆಗಬೇಕಿಲ್ಲ. ಬೈಗುಳ ಏನು ಅಂತ ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. 'ದೇವರ ಬಗ್ಗೆ ಬೇಡದ ಯೋಚನೆ ಬರುತ್ತೆ, ತಡೆಯೋಕೆ ಇಂತಿಂಥದ್ದು ಮಾಡ್ತೀನಿ, ದಿನಕ್ಕೆ ಇಷ್ಟು ಹೊತ್ತು ಇದರಲ್ಲೇ ಹೋಗುತ್ತೆ' ಅಂದರೆ ಸಾಕು. ಮಾತ್ರೆ ಕೊಟ್ಟರೆ ಅದು ಕೆಲಸ ಮಾಡಲು ವಾರಗಳೇ ಬೇಕು, ಕೆಲವರಿಗೆ ಎರಡು ಮೂರು ತಿಂಗಳು. ನಡುವೆ ಸುಮ್ನೆ ನಿಲ್ಲಿಸಬೇಡಿ. ಥೆರಪಿಯಲ್ಲಿ ದೇವರನ್ನು ಬೈಯಿಸುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಭಯ ಬಂದಾಗ ಮತ್ತೆ ಮತ್ತೆ ಕ್ಷಮೆ ಕೇಳುವುದು, ಗೂಗಲ್ ಮಾಡುವುದು ಇಂಥ ಕೆಲಸಗಳನ್ನು ಮಾಡದೆ ಕೂರುವುದನ್ನು ಹಂತ ಹಂತವಾಗಿ ಕಲಿಸುತ್ತಾರೆ. ದೆವ್ವ ಬಿಡಿಸುವ ಕೂಟಕ್ಕೆ ಕರೆದೊಯ್ಯಲು ಯಾರಾದರೂ ಬಂದರೆ ಖಂಡಿತ ಬೇಡ ಅನ್ನಿ. ಈ ಕಾಯಿಲೆ ಇರುವವರಿಗೆ ಅಲ್ಲಿ ಆಗುವ ಪೆಟ್ಟು ನೋಡಿದ್ದೇನೆ.

ಹೇಗೂ ನರಕವೇ ಗತಿ ಅಂದಮೇಲೆ ಬದುಕಿ ಏನು ಮಾಡಲಿ ಅಂತ ನೀವು ಬರೆದ ಒಂದು ಸಾಲನ್ನು ನಾನು ಹಾಗೇ ಬಿಡುವುದಿಲ್ಲ. ಆ ಯೋಚನೆ ಇದ್ದರೆ ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಪಾಪದ ವಿಷಯ ಹೇಳಲು ಕಷ್ಟ ಆದರೆ, ನಿದ್ದೆ ಬರುತ್ತಿಲ್ಲ, ತುಂಬ ಭಯ ಆಗುತ್ತದೆ, ಡಾಕ್ಟರ ಹತ್ತಿರ ಜೊತೆಗೆ ಬನ್ನಿ ಅಂದರೂ ಆಯಿತು.

ಕರ್ತನ ಭೋಜನದ ಬಗ್ಗೆ ನೀವು ಎತ್ತಿದ ವಚನ 1 ಕೊರಿಂಥ 11ರದ್ದು, ಅಯೋಗ್ಯವಾಗಿ ತಿನ್ನುವುದರ ಬಗ್ಗೆ. ಅಲ್ಲಿ ಪೌಲ ಬೈಯುತ್ತಿರುವುದು ಯಾರನ್ನು ನೋಡಿ. ತಾವೇ ಮೊದಲು ತಿಂದು ಕುಡಿದು, ಏನೂ ಇಲ್ಲದವರನ್ನು ಹಸಿದುಕೊಂಡೇ ಕೂರಿಸಿದ ಕೊರಿಂಥದವರನ್ನು. ತಲೆಯಲ್ಲಿ ಬೇಡದ ಮಾತು ಬಂತು ಅಂತ ಹಿಂದೆ ಸರಿದು ಕೂತವರನ್ನಲ್ಲ. ಭಾನುವಾರ ರೊಟ್ಟಿ ಎದುರಿಗೆ ಬಂದಾಗ ಆ ಬೈಗುಳ ಬಹುಶಃ ಬಂದೇ ಬರುತ್ತದೆ. ಬಂದರೂ ತೆಗೆದುಕೊಳ್ಳಿ, ತಿನ್ನಿ. ಸೋಮವಾರ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ. ಈ ವಿಷಯ ಎತ್ತಿಕೊಂಡು ಆ ಹಿರಿಯರ ಹತ್ತಿರ ಮಾತ್ರ ಮತ್ತೆ ಹೋಗಬೇಡಿ.