ಆರ್‌ವಿಯಲ್ಲಿ ಊರು ಸುತ್ತುವಾಗ ಸ್ಟೆಪ್ನಿ ಬೇಕಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಕಳೆದ ತಿಂಗಳು ಸೆಕೆಂಡ್ ಹ್ಯಾಂಡ್ ಆರ್‌ವಿ, ಅಂದರೆ ಒಳಗೇ ಅಡುಗೆ ಮಾಡಿಕೊಂಡು ಮಲಗುವಂಥ ಪ್ರವಾಸದ ಗಾಡಿ, ತೆಗೆದುಕೊಂಡೆವು. ಫೋರ್ಡ್ ಇ-450 ಚಾಸಿಸ್ ಮೇಲೆ ಕಟ್ಟಿದ ಕ್ಲಾಸ್ ಸಿ, ಅಂದರೆ ಮಧ್ಯಮ ಗಾತ್ರದ್ದು, 2016ರ ಮಾಡೆಲ್. ಜುಲೈನಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಾರೆ. ಅವರನ್ನು ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಕರೆದುಕೊಂಡು ಹೋಗಿ, ಬರುವಾಗ ಯೂಟಾ ನೋಡಿಕೊಂಡು ನೆವಾಡಾದ ಹೈವೇ 50 ಹಿಡಿದು ಮನೆಗೆ ಬರುವ ಯೋಚನೆ. ಗಾಡಿಯಲ್ಲಿ ಸ್ಟೆಪ್ನಿ ಇಲ್ಲ. ಮಾರಿದವರನ್ನು ಕೇಳಿದರೆ, "ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಲ್ಲ, ಸಾಕು. ಆ ಟೈರ್ ಬದಲಾಯಿಸಲು ನಿಮ್ಮ ಕೈಲಿ ಹೇಗೂ ಆಗಲ್ಲ" ಅಂದರು. ನಿಜವಾಗಲೂ ಬೇಡವಾ?

ಉತ್ತರ: ಬೇಕು. ಬೇರೆ ಎಲ್ಲಿಗಾದರೂ ಹೋಗುತ್ತಿದ್ದರೆ ಸ್ವಲ್ಪ ಯೋಚಿಸಿ ಹೇಳುತ್ತಿದ್ದೆ. ನೀವು ಹೇಳಿದ ದಾರಿಗೆ ಯೋಚನೆಯೇ ಬೇಡ, ಹೊರಡುವ ಮೊದಲು ಒಂದು ಸ್ಟೆಪ್ನಿ ಮಾಡಿಸಿಕೊಳ್ಳಿ.

ಮಾರಿದವರ ಮಾತು ಅರ್ಧ ಸರಿ. ಆ ಚಕ್ರ ಡಿಸ್ಕ್ (ಟೈರ್ ಕೂರುವ ಲೋಹದ ಭಾಗ) ಸಮೇತ ಸುಮಾರು 30 ಕಿಲೋ ಇರುತ್ತದೆ, ಹಿಂದೆ ಜೋಡಿ ಚಕ್ರ, ಗಾಡಿಯೂ ಭಾರ. ರಸ್ತೆ ಬದಿಯಲ್ಲಿ ನೀವೇ ಬಿಚ್ಚಿ ಹಾಕುವುದು ಸುಲಭ ಅಲ್ಲ, ಹಾಕಲೇಬೇಕು ಅಂತಲೂ ನಾನು ಹೇಳುತ್ತಿಲ್ಲ. ಆದರೆ ಸ್ಟೆಪ್ನಿ ಇಟ್ಟುಕೊಳ್ಳುವುದು ನೀವೇ ಬದಲಾಯಿಸಲಿಕ್ಕೆ ಅನ್ನುವ ಲೆಕ್ಕವೇ ತಪ್ಪು. ಫೋನ್ ಮಾಡಿದರೆ ಬರುವ ಮನುಷ್ಯನ ಹತ್ತಿರ ದೊಡ್ಡ ಜಾಕ್ ಇರುತ್ತದೆ, ಕಂಪ್ರೆಸರ್ ಇರುತ್ತದೆ, ಕೆಲಸ ಗೊತ್ತಿರುತ್ತದೆ. ಇಲ್ಲದಿರುವುದು ನಿಮ್ಮ ಸೈಜಿನ ಟೈರ್. ಅದು ನಿಮ್ಮ ಗಾಡಿಯಲ್ಲೇ ಇದ್ದರೆ ಅವನು ಮುಕ್ಕಾಲು ಗಂಟೆಯಲ್ಲಿ ಹಾಕಿ ಹೋಗುತ್ತಾನೆ. ಇಲ್ಲದಿದ್ದರೆ ಅವನು ಗಾಡಿ ಎಳೆಸಬೇಕು, ಇಲ್ಲ ಟೈರ್ ಹುಡುಕಬೇಕು. ಅದು ಭಾನುವಾರವಾಗಿದ್ದು ಊರು ಚಿಕ್ಕದಾಗಿದ್ದರೆ ಸೋಮವಾರದವರೆಗೆ ಕಾಯಬೇಕು.

ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳು, ನೆವಾಡಾದ ಈಲಿಯಿಂದ ಟೋನೋಪಾಗೆ ಹೈವೇ 6ರಲ್ಲಿ ಹೋಗುತ್ತಿದ್ದೆವು. 160 ಮೈಲಿಗೂ ಹೆಚ್ಚು ದೂರ, ನಡುವೆ ಒಂದು ಪೆಟ್ರೋಲ್ ಬಂಕ್ ಕೂಡ ಇಲ್ಲ. ನಮ್ಮದೂ ಕ್ಲಾಸ್ ಸಿ ಗಾಡಿ. ಹಿಂದಿನ ಬಲಗಡೆ ಜೋಡಿಯಲ್ಲಿ ಒಳಗಿನ ಟೈರ್ ಯಾವಾಗಲೋ ಗಾಳಿ ಕಳೆದುಕೊಂಡಿತ್ತು. ಹೊರಗಿನದು ಚೆನ್ನಾಗಿ ನಿಂತಿದ್ದರಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಅರ್ಧ ದಾರಿಗೆ ಬರುವಷ್ಟರಲ್ಲಿ ಸುಟ್ಟ ರಬ್ಬರ್ ವಾಸನೆ ಬಂತು, ಹಿಂದೆಯೇ ಹೊರಗಿನದೂ ಸಿಡಿಯಿತು. ಟೈರಿನ ಮೇಲ್ಪದರ ಕಿತ್ತು ಬಂದು, ಬಾರುಕೋಲಿನ ಹಾಗೆ ತಿರುಗುತ್ತಾ, ಚಕ್ರದ ಮೇಲಿನ ತಗಡು ಹರಿದು ಬಚ್ಚಲು ನೀರಿನ ಪೈಪನ್ನೂ ಮುರಿದು ಹಾಕಿತ್ತು. ನಮ್ಮ ಗಾಡಿಯಲ್ಲಿ ಸ್ಟೆಪ್ನಿ ಇತ್ತು. ಹಿಂಭಾಗದ ಅಡಿಯಲ್ಲಿ, ಕೇಬಲ್‌ನಲ್ಲಿ ನೇತು ಹಾಕಿದ್ದು. ಕೆಳಗಿಳಿಸಿ ಗೇಜ್ ಇಟ್ಟು ಗಾಳಿಯ ಒತ್ತಡ ನೋಡಿದೆ, 18 ಪಿಎಸ್‌ಐ. ಇರಬೇಕಾದದ್ದು 80. ಅಂಚಿನ ಸುತ್ತ ರಬ್ಬರ್, ಬೇಸಿಗೆಯಲ್ಲಿ ಬತ್ತಿದ ಕೆರೆ ಅಂಗಳದ ಹಾಗೆ, ಬಿರುಕು ಬಿಟ್ಟಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಆ ಬಿಸಿಲಲ್ಲಿ ಮೂರು ಗಂಟೆ ಕಾದ ಮೇಲೆ ಒಬ್ಬ ದನಗಾಹಿ ತನ್ನ ಪಿಕಪ್‌ನಲ್ಲಿ ಈಲಿಗೆ ಕರೆದುಕೊಂಡು ಹೋದ. ಶನಿವಾರ ಸಂಜೆ, ಅಂಗಡಿ ಮುಚ್ಚಿತ್ತು. ಎರಡು ರಾತ್ರಿ ಅಲ್ಲೇ ಕಳೆದೆವು.

ಒಳಗಿನ ಟೈರ್ ಹೋದರೆ ಹೊರಗಿನದು ಯಾಕೆ ಸಿಡಿಯುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ನಿಮ್ಮ ಇ-450ರಲ್ಲಿ ಸಾಮಾನ್ಯವಾಗಿ ಇರುವುದು ಎಲ್‌ಟಿ 225/75 ಆರ್16 ಸೈಜಿನ, ಲೋಡ್ ರೇಂಜ್ ಇ (ಭಾರ ಹೊರುವ ದರ್ಜೆ) ಟೈರ್. 80 ಪಿಎಸ್‌ಐ ಗಾಳಿ ಇದ್ದಾಗ ಅದು ಒಂಟಿಯಾಗಿ ಹೊರಬಲ್ಲದ್ದು 2,680 ಪೌಂಡ್, ಜೋಡಿಯಲ್ಲಿದ್ದರೆ ಒಂದೊಂದು 2,470. ಹಿಂದಿನ ಆಕ್ಸೆಲ್‌ನ ಮಿತಿ ಸುಮಾರು 9,600 ಪೌಂಡ್, ಅಂದರೆ ಒಂದೊಂದು ಪಕ್ಕಕ್ಕೆ 4,800. ನೀರು, ಬಟ್ಟೆ, ಅಕ್ಕಿ, ಕುಕ್ಕರ್ ಎಲ್ಲ ತುಂಬಿದ ಗಾಡಿ ಆ ಮಿತಿಯ ಹತ್ತಿರವೇ ಓಡುತ್ತಿರುತ್ತದೆ. ಒಂದು ಟೈರ್ ಕೈಕೊಟ್ಟರೆ ಉಳಿದದ್ದು ತನ್ನ ಶಕ್ತಿಗಿಂತ ಬಹಳ ಜಾಸ್ತಿ ಭಾರ ಹೊರುತ್ತಿರುತ್ತದೆ. ಹಾಗಾಗಿ "ಹಿಂದೆ ನಾಲ್ಕಿದೆಯಲ್ಲ, ಒಂದು ಹೋದರೂ ಮೂರರಲ್ಲಿ ಮೆಲ್ಲಗೆ ಊರು ಸೇರಬಹುದು" ಅನ್ನುವ ಮಾತು ನಂಬಬೇಡಿ. ಸಿಡಿಯುವ ಮೊದಲೇ ನಿಲ್ಲಿಸಿದರೆ ಒಂದು ಸ್ಟೆಪ್ನಿ ಸಾಕಾಗುತ್ತದೆ, ನಿಲ್ಲಿಸದಿದ್ದರೆ ನಮಗಾದಂತೆ ಎರಡೂ ಹೋಗುತ್ತವೆ.

ಅದಕ್ಕೇ ಸ್ಟೆಪ್ನಿ ಜೊತೆಗೆ ಟೈರ್ ಪ್ರೆಶರ್ ಮಾನಿಟರ್ ಹಾಕಿಸಿ. ಆರು ವಾಲ್ವ್‌ಗಳಿಗೂ ತಿರುಗಿಸಿ ಹಾಕುವ ಸಣ್ಣ ಸೆನ್ಸರ್‌ಗಳು ಸಿಗುತ್ತವೆ, ಗಾಳಿ ಇಳಿದ ಕೂಡಲೇ ಡ್ರೈವರ್ ಮುಂದೆ ಕೂಗುತ್ತದೆ. ಒಳಗಿನ ಟೈರಿಗೆ ಗಾಳಿ ಹೊಡೆಯಲು ಉದ್ದನೆಯ ವಾಲ್ವ್ ಎಕ್ಸ್‌ಟೆನ್ಷನ್ ಹಾಕಿರುತ್ತಾರೆ ನೋಡಿ, ಗಾಳಿ ಸೋರುವ ಜಾಗಗಳಲ್ಲಿ ಅದೂ ಒಂದು. ಹಳೆಯ ಬಳುಕುವ ಪೈಪಿನಂಥದ್ದಿದ್ದರೆ ತೆಗೆಸಿ ಗಟ್ಟಿ ಲೋಹದ್ದು ಹಾಕಿಸಿ. ಇನ್ನೊಂದು ಮಾತು, ನೆವಾಡಾ ಬಿಸಿಲಲ್ಲಿ ಓಡುವಾಗ ಮಾನಿಟರ್‌ನಲ್ಲಿ 80 ಇದ್ದದ್ದು 90 ದಾಟಿ ತೋರಿಸಬಹುದು. ಹೆದರಬೇಡಿ, ಗಾಳಿ ಬಿಡಲೂಬೇಡಿ. ಬಿಸಿಗೆ ಏರುವುದು ಸಹಜ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ಇರುವುದೇ ನಿಜವಾದ ಅಳತೆ.

ಸ್ಟೆಪ್ನಿ ಮಾಡಿಸುವುದು ಹೇಗೆ? ನಿಮ್ಮ ಗಾಡಿಯಲ್ಲಿ ಸ್ಟೀಲ್ ಡಿಸ್ಕ್ ಇದ್ದರೆ ಆರೂ ಚಕ್ರ ಒಂದೇ ಥರ, ಒಂದು ಸ್ಟೆಪ್ನಿ ಎಲ್ಲಿಗೆ ಬೇಕಾದರೂ ಆಗುತ್ತದೆ. ಹೊರಗೆ ಫಳಫಳ ಹೊಳೆಯುವುದು ಬರೀ ಸ್ಟೇನ್‌ಲೆಸ್ ಮುಚ್ಚಳ ಇರಬಹುದು, ತೆಗೆದು ನೋಡಿ. ನಿಜವಾದ ಅಲ್ಯೂಮಿನಿಯಂ ಡಿಸ್ಕ್ ಆಗಿದ್ದರೆ ಅಂಗಡಿಯವರಿಗೆ ತೋರಿಸಿಯೇ ಕೊಳ್ಳಿ. ಆ ಮುಚ್ಚಳ ಬಿಚ್ಚುವ ಸ್ಪ್ಯಾನರ್ ಕೆಲವೊಮ್ಮೆ ಬೇರೆಯೇ ಇರುತ್ತದೆ, ಅದು ನಿಮ್ಮ ಬಳಿ ಇದೆಯಾ ಅಂತ ಮನೆ ಮುಂದೆಯೇ ಪರೀಕ್ಷಿಸಿ.

ಎಲ್ಲಿ ಇಡಬೇಕು ಅನ್ನುವುದೇ ದೊಡ್ಡ ತಲೆನೋವು. ಮೊದಲು ಗಾಡಿಯ ಹಿಂಭಾಗದ ಅಡಿಗೆ ಟಾರ್ಚ್ ಹಿಡಿದು ಮಲಗಿ ನೋಡಿ, ಚಕ್ರ ಹಿಡಿಯುವಷ್ಟು ಜಾಗ ಇದ್ದರೆ ಕೇಬಲ್‌ನಲ್ಲಿ ಏರಿಸಿ ಇಳಿಸುವ ವಿಂಚ್ ಹಾಕಿಸಬಹುದು. ಹಿಂದೆ ದೊಡ್ಡ ಸ್ಟೋರೇಜ್ ಡಬ್ಬಿ ಇದ್ದರೆ ಅಲ್ಲಿ ಮಲಗಿಸಿಡುವುದು ಇನ್ನೂ ಒಳ್ಳೆಯದು, ಬಿಸಿಲು ಬೀಳುವುದಿಲ್ಲ. ಇವೆರಡೂ ಆಗದಿದ್ದರೆ ಹಿಂದಿನ ಹಿಚ್‌ಗೆ (ಟ್ರೇಲರ್ ಎಳೆಯುವ ಕೊಂಡಿಗೆ) ಸಿಕ್ಕಿಸುವ ಕ್ಯಾರಿಯರ್ ಬರುತ್ತದೆ. ಹಿಂದಿನ ಏಣಿಗೆ ಮಾತ್ರ ಕಟ್ಟಬೇಡಿ. ಅದು ಮನುಷ್ಯ ಹತ್ತಲು ಮಾಡಿದ್ದು, ದಿನವಿಡೀ ಕುಲುಕುವ 30 ಕಿಲೋ ಭಾರಕ್ಕೆ ಅಲ್ಲ, ಸ್ಕ್ರೂ ಸಮೇತ ಹಿಂದಿನ ಗೋಡೆಯಿಂದ ಕಿತ್ತುಕೊಂಡು ಬರಬಹುದು. ಮೇಲ್ಛಾವಣಿಯೂ ಬೇಡ.

ಡಿಸ್ಕ್ ಸಮೇತ ಇಡಲು ಎಲ್ಲೂ ಜಾಗ ಸಿಗಲಿಲ್ಲ ಅನ್ನಿ, ಆಗ ಬರೀ ಟೈರನ್ನಾದರೂ ಇಟ್ಟುಕೊಳ್ಳಿ. ಬಸ್ಸಿನಷ್ಟು ದೊಡ್ಡ ಕ್ಲಾಸ್ ಎ ಗಾಡಿಯವರಿಗೂ ನಾನು ಇದನ್ನೇ ಹೇಳುತ್ತೇನೆ. ಅವರ 22.5 ಇಂಚಿನ ಚಕ್ರ ಡಿಸ್ಕ್ ಸೇರಿ 100 ಕಿಲೋ ಆಸುಪಾಸು ತೂಗುತ್ತದೆ, ಅದನ್ನು ಹೊತ್ತು ತಿರುಗುವುದು ಕಷ್ಟ. ಆದರೆ ಬರೀ ಟೈರ್ ಇದ್ದರೂ, ಟ್ರಕ್ ಟೈರ್ ರಿಪೇರಿಯವನು ಬಂದು ನಿಮ್ಮ ಡಿಸ್ಕ್‌ಗೇ ಏರಿಸಿ ಕೊಡುತ್ತಾನೆ.

ಹೋಗುವಾಗಿನ ದಾರಿ, ಅಂದರೆ ರೀನೋ, ಎಲ್ಕೋ, ವೆಲ್ಸ್, ಅಲ್ಲಿಂದ ಟ್ವಿನ್ ಫಾಲ್ಸ್, ಐಡಾಹೋ ಫಾಲ್ಸ್ ಮೇಲೆ ಹೋದರೆ ನನಗೆ ಅಷ್ಟು ಚಿಂತೆ ಇಲ್ಲ. ದೊಡ್ಡ ಲಾರಿಗಳು ಓಡುವ ರಸ್ತೆ, ಟೈರ್ ಅಂಗಡಿ ಸಿಗುತ್ತವೆ. ಬರುವಾಗಿನ ಹೈವೇ 50 ಬೇರೆ ಮಾತು. ಯೂಟಾದ ಡೆಲ್ಟಾದಿಂದ ಈಲಿಗೆ 150 ಮೈಲಿ, ಆಮೇಲೆ ಯುರೇಕಾ, ಆಸ್ಟಿನ್ ಅನ್ನುವ ಪುಟ್ಟ ಊರುಗಳು, ಆಸ್ಟಿನ್ ಬಿಟ್ಟರೆ ಫ್ಯಾಲನ್‌ಗೆ ಮತ್ತೆ 110 ಮೈಲಿ. ಅಮೆರಿಕದ ಅತ್ಯಂತ ಒಂಟಿ ರಸ್ತೆ ಅಂತ ಅದಕ್ಕೆ ಹೆಸರು ಬಿದ್ದಿರುವುದು ಸುಮ್ನೆ ಅಲ್ಲ. ಡೆಲ್ಟಾದಲ್ಲಿ ಒಮ್ಮೆ, ಈಲಿಯಲ್ಲಿ ಒಮ್ಮೆ ಇಳಿದು ಆರೂ ಟೈರ್ ಮುಟ್ಟಿ ನೋಡಿ. ಅಂಗೈಗೆ ಒಂದು ಮಿಕ್ಕವಕ್ಕಿಂತ ಜಾಸ್ತಿ ಬಿಸಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ ಗೇಜ್ ಹಿಡಿಯಿರಿ.

ರಸ್ತೆ ಬದಿಯಲ್ಲಿ ನಿಲ್ಲಬೇಕಾಗಿ ಬಂದರೆ ಅಪ್ಪ ಅಮ್ಮನನ್ನು ಗಾಡಿಯೊಳಗೆ ಕೂರಿಸಬೇಡಿ, ಟ್ರಾಫಿಕ್ ಇಲ್ಲದ ಕಡೆ ಇಳಿಸಿ ದೂರ ಕರೆದುಕೊಂಡು ಹೋಗಿ. ನೆರಳಿಗೆ ಒಂದು ಛತ್ರಿ, ಎರಡು ಮಡಚುವ ಕುರ್ಚಿ, ಆಳಿಗೆ ನಾಲ್ಕು ಲೀಟರಿನಂತೆ ಕುಡಿಯುವ ನೀರು ಬೇರೆಯೇ ಇಟ್ಟಿರಿ. ಗಾಡಿ ನೆಲಮಟ್ಟ ಮಾಡುವ ಲೆವೆಲಿಂಗ್ ಜಾಕ್ ಇದ್ದರೆ ಅದರಿಂದ ಗಾಡಿ ಎತ್ತಿ ಚಕ್ರ ಬಿಚ್ಚಲು ಹೋಗಬೇಡಿ, ಅದು ಆ ಕೆಲಸಕ್ಕೆ ಇರುವುದಲ್ಲ. ಹೊಸ ಚಕ್ರ ಹಾಕಿದ ಮೇಲೆ 50ರಿಂದ 100 ಮೈಲಿ ಓಡಿಸಿ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ಮಾಡಿ. ಎಷ್ಟು ಬಿಗಿ ಅನ್ನುವುದು ಗಾಡಿಯ ಪುಸ್ತಕದಲ್ಲಿದೆ.

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇನೆ, ಪಿಕಪ್ ಹಿಂದೆ ಎಳೆಯುವ ಟ್ರಾವೆಲ್ ಟ್ರೇಲರ್ ಇದೆ. ಹಿಂದಿನ ಬಂಪರ್ ಮೇಲೆ ಸ್ಟೆಪ್ನಿ ಇದೆ. ಏಳು ವರ್ಷದಲ್ಲಿ ಒಮ್ಮೆಯೂ ಬಳಸಿಲ್ಲ, ಹೊಸದರ ಹಾಗೇ ಇದೆ. ಚಿಂತೆ ಇಲ್ಲ ಅಲ್ವಾ?

ಉತ್ತರ: ಇದೆ. ಟೈರ್ ಹಾಳಾಗುವುದು ಓಡಿದಾಗ ಮಾತ್ರ ಅಲ್ಲ, ಸುಮ್ನೆ ಬಿಸಿಲಲ್ಲಿ ನಿಂತರೂ ಹಾಳಾಗುತ್ತದೆ. ಟೆಕ್ಸಾಸ್ ಬಿಸಿಲಲ್ಲಿ ಏಳು ವರ್ಷ ಅಂದರೆ ಅದನ್ನು ನಾನು ನಂಬುವುದಿಲ್ಲ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2218 ಅಂತಿದ್ದರೆ 2018ರ 22ನೇ ವಾರದಲ್ಲಿ ತಯಾರಾದದ್ದು. ಟ್ರೇಲರ್ ಟೈರ್‌ಗಳನ್ನು ಐದಾರು ವರ್ಷಕ್ಕೆ ಬದಲಾಯಿಸುವುದು ಒಳ್ಳೆಯದು, ಸ್ಟೆಪ್ನಿಯನ್ನೂ ಅದೇ ಲೆಕ್ಕದಲ್ಲಿ ಸೇರಿಸಿ.

ಬಂಪರ್ ಅನ್ನೂ ನೋಡಿ. ಬಹಳಷ್ಟು ಟ್ರೇಲರ್‌ಗಳಲ್ಲಿ ಅದು ತೆಳು ತಗಡಿನ ಚೌಕ ಪೈಪ್. ಸ್ಟೆಪ್ನಿ ಭಾರ ಕುಲುಕಿ ಕುಲುಕಿ ವೆಲ್ಡಿಂಗ್ ಬಿಡುತ್ತದೆ. ಅಲ್ಲಿ ತುಕ್ಕಿನ ಗೆರೆ ಕಂಡರೆ ಮೊದಲು ವೆಲ್ಡರ್ ಹತ್ತಿರ ಹೋಗಿ. ಇನ್ನು ಪಿಕಪ್‌ನ ಸ್ಟೆಪ್ನಿ ಟ್ರೇಲರ್‌ಗೆ ಬರುವುದಿಲ್ಲ, ವೀಲ್ ಸ್ಪ್ಯಾನರ್ ಕೂಡ ಎಷ್ಟೋ ಸಲ ಹೊಂದುವುದಿಲ್ಲ. ಟ್ರೇಲರ್‌ನ ನಟ್‌ಗೆ ಸರಿಯಾದ ಸ್ಪ್ಯಾನರ್ ಇದೆಯಾ ಅಂತ ಇವತ್ತೇ ಹಾಕಿ ನೋಡಿ. ಬೇರೆ ಸ್ಪೀಡ್ ನಮೂದಿಸಿಲ್ಲದಿದ್ದರೆ ಟ್ರೇಲರ್‌ಗೆಂದೇ ಮಾಡುವ ಎಸ್‌ಟಿ ಟೈರ್‌ಗಳಿಗೆ ಗಂಟೆಗೆ 65 ಮೈಲಿಯೇ ಮಿತಿ ಅನ್ನುವುದು ಹಳೆಯ ನಿಯಮ. ಟೆಕ್ಸಾಸ್‌ನಲ್ಲಿ 75ರ ಬೋರ್ಡ್ ನೋಡಿ ಅದನ್ನು ಮರೆಯಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಒಂದು ವ್ಯಾನನ್ನು ಕ್ಯಾಂಪರ್ ಮಾಡಿಸಿದೆ. ಮಾಡಿಕೊಟ್ಟವರು ಸ್ಟೆಪ್ನಿ ಜಾಗದಲ್ಲಿ ನೀರಿನ ಟ್ಯಾಂಕ್ ಕೂರಿಸಿ, ಈಗ ಸ್ಟೆಪ್ನಿ ಕಡ್ಡಾಯ ಅಲ್ಲ ಅಂದರು. ಸೆಪ್ಟೆಂಬರ್‌ನಲ್ಲಿ ಹಿಮಾಚಲದ ಸ್ಪಿತಿಗೆ ಹೊರಟಿದ್ದೇವೆ.

ಉತ್ತರ: ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಸಡಿಲ ಮಾಡಿದ್ದು ನಿಜ. ಆದರೆ ಅದು 3.5 ಟನ್‌ವರೆಗಿನ ಗಾಡಿಗಳಿಗೆ, ಅದೂ ಟ್ಯೂಬ್‌ಲೆಸ್ ಟೈರ್, ಪ್ರೆಶರ್ ಮಾನಿಟರ್, ರಿಪೇರಿ ಕಿಟ್ ಮೂರೂ ಇದ್ದರೆ. ನಿಮ್ಮ ಆರ್‌ಸಿಯಲ್ಲಿ ತೂಕ ನೋಡಿ. ಇನ್ನು ರಿಪೇರಿ ಕಿಟ್ ಮೊಳೆ ಚುಚ್ಚಿದ ತೂತಿಗೆ ಸರಿ, ಚೂಪು ಕಲ್ಲಿಗೆ ತಾಗಿ ಟೈರಿನ ಪಕ್ಕ ಸೀಳಿದರೆ ಅದರಿಂದ ಏನೂ ಆಗುವುದಿಲ್ಲ. ಸ್ಪಿತಿಯ ರಸ್ತೆಯಲ್ಲಿ ಹೆದರಬೇಕಾದದ್ದು ಆ ಸೀಳಿಗೇ.

ಬೆಂಗಳೂರಿನಿಂದ ಮನಾಲಿವರೆಗೆ ಪಂಕ್ಚರ್ ಅಂಗಡಿಗೆ ಬರವಿಲ್ಲ. ಅಲ್ಲಿಂದ ಮುಂದೆ ಗ್ರಾಂಫೂ ದಾಟಿ ಕುಂಜುಮ್ ಪಾಸ್ ಕಡೆ ತಿರುಗಿದ ಮೇಲೆ ಸ್ಟೆಪ್ನಿಯೇ ಗತಿ. ಟ್ಯಾಂಕ್ ತೆಗೆಸುವುದು ಬೇಡ ಅಂದರೆ ಹಿಂಬಾಗಿಲಿಗೆ ಕ್ಯಾರಿಯರ್ ಮಾಡಿಸಿ. ಬಾಗಿಲ ತಗಡಿಗೆ ಬೋಲ್ಟ್ ಹಾಕಿ ಬಿಟ್ಟರೆ ಸಾಲದು, ಭಾರ ಕೆಳಗೆ ಚಾಸಿಸ್‌ಗೆ ಬೀಳುವ ಹಾಗೆ, ಪಕ್ಕಕ್ಕೆ ತಿರುಗುವ ತೋಳು ಇರಲಿ. ಈ ಸ್ಟೆಪ್ನಿ ಅನ್ನುವ ಮಾತು ಬಂದಿದ್ದು ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರ ಹೊತ್ತಿಗೆ ಅಲ್ಲಿ ಡೇವಿಸ್ ಸಹೋದರರು ಬಿಡಿ ಚಕ್ರ ಮಾಡಿ ಮಾರಲು ಶುರು ಮಾಡಿದ್ದರು. ಆ ಬೀದಿಯ ಹೆಸರು ನಮ್ಮೂರ ಗ್ಯಾರೇಜುಗಳಲ್ಲಿ ಇವತ್ತಿಗೂ ದಿನಾ ಕೇಳುತ್ತದೆ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಕ್ಯಾರಿಯರ್ ಆದ ಮೇಲೆ ಒಮ್ಮೆ ನಂದಿ ಬೆಟ್ಟಕ್ಕೋ ಚಿಕ್ಕಮಗಳೂರಿಗೋ ಹೋಗಿ ಬಂದು, ಬೋಲ್ಟ್‌ಗಳು ಸಡಿಲ ಆಗಿವೆಯಾ ನೋಡಿ, ಬಿಗಿ ಮಾಡಿಸಿ, ಆಮೇಲೆ ಸ್ಪಿತಿಗೆ ಹೊರಡಿ.