ಹಣ್ಣಿನ ಸಾಲ್ಸಾ ನೀರು ಬಿಡದಂತೆ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ವಿಡಿಯೋ ನೋಡಿಕೊಂಡು ಮಾವಿನಹಣ್ಣಿನ ಸಾಲ್ಸಾ (ಹಣ್ಣಿನ ಹೋಳಿಗೆ ಈರುಳ್ಳಿ, ಮೆಣಸಿನಕಾಯಿ, ನಿಂಬೆರಸ ಕಲಸಿದ್ದು) ಮಾಡಿದೆ, ಅರ್ಧ ಗಂಟೆಯಲ್ಲಿ ಬಟ್ಟಲಿನ ತಳದಲ್ಲಿ ನೀರು ನಿಂತಿತು, ತಿಂದರೆ ಬರೀ ಸಿಹಿ, ಮನೆಯಲ್ಲಿ ಯಾರೂ ಮುಟ್ಟಲಿಲ್ಲ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ನಗು ಬಂದದ್ದು ಯಾಕೆ ಅಂದರೆ ನಾನೂ ಮೊದಲ ಸಲ ಥೇಟ್ ಇದನ್ನೇ ಮಾಡಿದ್ದೆ.

ಮೇ ತಿಂಗಳ ಒಂದು ಭಾನುವಾರ, ಮನೆಗೆ ಎಂಟು ಜನ ಊಟಕ್ಕೆ ಬರುವವರಿದ್ದರು. ಹೊಸದೇನಾದರೂ ಮಾಡೋಣ ಅಂತ ಚೆನ್ನಾಗಿ ಕಳಿತ ರಸಪುರಿ ತಂದು, ಬೆಳಿಗ್ಗೆ ಒಂಬತ್ತಕ್ಕೇ ಹೆಚ್ಚಿ, ಈರುಳ್ಳಿ, ಟೊಮೇಟೊ, ಉಪ್ಪು, ನಿಂಬೆರಸ ಎಲ್ಲ ಕಲಸಿ ಫ್ರಿಜ್‌ನಲ್ಲಿಟ್ಟೆ. ಮಧ್ಯಾಹ್ನ ತೆಗೆದು ನೋಡಿದರೆ ಈರುಳ್ಳಿ ಹಾಕಿದ ಸೀಕರಣೆ! ನಮ್ಮ ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಇದು ಕೋಸಂಬರಿ ಥರಾನೇ ಅಲ್ವೇನೇ, ಬೆಳಿಗ್ಗೆನೇ ಯಾಕೆ ಉಪ್ಪು ಹಾಕಿದೆ?" ಅಂದರು. ಅಷ್ಟೇ ಅವರು ಹೇಳಿದ್ದು. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಅದರಲ್ಲೇ ಇದೆ.

ರಾಮನವಮಿ ದಿನ ಹೆಸರುಬೇಳೆ ಕೋಸಂಬರಿ ಮಾಡುವಾಗ ನಮ್ಮ ಮನೆಗಳಲ್ಲಿ ಸೌತೆಕಾಯಿ ಹೆಚ್ಚಿಟ್ಟು, ಬೇಳೆ ಬಸಿದಿಟ್ಟು, ಎಲೆ ಹಾಕುವ ಹೊತ್ತಿಗೆ ಉಪ್ಪು ಬೆರೆಸುತ್ತಾರೆ. ಉಪ್ಪು ತಗುಲಿದ ಕೂಡಲೇ ಹೋಳಿನೊಳಗಿನ ನೀರು ಹೊರಗೆ ಬರಲು ಶುರುವಾಗುತ್ತದೆ. ಹಣ್ಣಿಗೆ ಸಕ್ಕರೆ ಹಾಕಿದರೂ ಅದೇ ಕಥೆ. ಇದು ಕೋಸಂಬರಿಗೆ ಗೊತ್ತು, ಸಾಲ್ಸಾ ಅನ್ನುವ ಹೆಸರು ಕೇಳಿದಾಗ ಮರೆತುಹೋಗುತ್ತದೆ.

ಇನ್ನುಳಿದ ಕಾಲು ಪಾಲು ಹಣ್ಣಿನದು. ಬಾಯಿಗಿಟ್ಟರೆ ಕರಗುವ ಹಣ್ಣು ಇದಕ್ಕೆ ಬೇಡವೇ ಬೇಡ. ದೋರಗಾಯಿ ಬೇಕು. ಮೂಗಿಗೆ ಹಿಡಿದರೆ ಹಣ್ಣಿನ ವಾಸನೆ ಬರಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪವೇ ಬಗ್ಗಬೇಕು, ಹೆಚ್ಚಿದರೆ ಹೋಳು ಚೌಕವಾಗಿ ನಿಲ್ಲಬೇಕು. ನನ್ನ ಮೊದಲ ಆಯ್ಕೆ ತೋತಾಪುರಿ, ಅದೇ ಗಿಣಿಮೂತಿ ಮಾವು. ಎಲ್ಲರೂ ಅದನ್ನು ಸುಮ್ನೆ ಜ್ಯೂಸ್ ಫ್ಯಾಕ್ಟರಿ ಹಣ್ಣು ಅಂತ ಮೂಗು ಮುರಿಯುತ್ತಾರೆ, ಆದರೆ ಅರ್ಧ ಹಣ್ಣಾದ ಗಿಣಿಮೂತಿಯಲ್ಲಿ ಹುಳಿ, ಸಿಹಿ, ಗರಿಗರಿ ಮೂರೂ ಇರುವುದರಿಂದ ಈ ಕೆಲಸಕ್ಕೆ ಅದನ್ನು ಬಿಟ್ಟರೆ ಬೇರೆ ಇಲ್ಲ. ಅದು ಸಿಗದಿದ್ದರೆ ಬಂಗನಪಲ್ಲಿ ಆಗುತ್ತದೆ, ನಾರಿಲ್ಲ, ತಿರುಳು ಗಟ್ಟಿ. ಸೀಸನ್ ಮುಗಿಯುವ ಹೊತ್ತಿಗೆ ಬರುವ ಮಲ್ಲಿಕಾ ಕೂಡ ಚೆನ್ನಾಗಿರುತ್ತದೆ. ಬಾದಾಮಿ ಮಾವನ್ನು ಹೆಚ್ಚಿ ಖಾರ ಹಾಕಲು ನನಗೆ ಮನಸ್ಸು ಬರುವುದಿಲ್ಲ, ಕಿಲೋಗೆ ಅಷ್ಟು ದುಡ್ಡು ಕೊಟ್ಟಿರುತ್ತೇವಲ್ಲ. ರಸಪುರಿ ಹೆಸರಲ್ಲೇ ರಸ ಇದೆ, ನಾನು ಆವತ್ತು ಅದನ್ನೂ ಯೋಚಿಸಲಿಲ್ಲ ನೋಡಿ.

ನಾಲ್ಕು ಜನಕ್ಕೆ ನಾನು ಮಾಡುವ ಅಳತೆ ಹೇಳುತ್ತೇನೆ. ಮಧ್ಯಮ ಗಾತ್ರದ ಮಾವು ಎರಡು, ಹೆಚ್ಚಿದರೆ ಸುಮಾರು ಎರಡು ಬಟ್ಟಲು ಆಗಬೇಕು. ಸಣ್ಣ ಈರುಳ್ಳಿ ಒಂದು, ಎಳೆ ಸೌತೆಕಾಯಿ ಅರ್ಧ, ಹಸಿಮೆಣಸಿನಕಾಯಿ ಒಂದೋ ಎರಡೋ ನಿಮ್ಮ ಧೈರ್ಯ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ನಾಲ್ಕೈದು ಪುದೀನ ಎಲೆ, ಒಂದು ನಿಂಬೆಹಣ್ಣು, ಹುರಿದು ಪುಡಿ ಮಾಡಿದ ಜೀರಿಗೆ ಎರಡು ಚಿಟಿಕೆ, ಉಪ್ಪು ಕಾಲು ಚಮಚದಿಂದ ಶುರು ಮಾಡಿ. ಎಣ್ಣೆ ಬೇಡ. ಸಕ್ಕರೆಯಂತೂ ಮುಟ್ಟಲೇಬೇಡಿ, ನೀವು ಕಂಡ ವಿಡಿಯೋದಲ್ಲಿ ಎರಡು ಚಮಚ ಹಾಕಿದ್ದರು ಅಂತ ಬರೆದಿದ್ದೀರಿ, ಅಲ್ಲಿಗೇ ಅರ್ಧ ಕೆಟ್ಟಿತು.

ಮಾವನ್ನು ಮೊದಲು ಅರ್ಧ ಗಂಟೆ ನೀರಲ್ಲಿ ನೆನೆಹಾಕಿ ತೊಳೆಯಿರಿ, ತೊಟ್ಟಿನ ಹತ್ತಿರದ ಸೊನೆ ಹೋಗಬೇಕು. ಕೆಲವರಿಗೆ ಅದು ತಗುಲಿದರೆ ತುಟಿ ಸುತ್ತ ಉರಿ, ಗುಳ್ಳೆ ಆಗುತ್ತದೆ. ಸಿಪ್ಪೆ ತೆಗೆದು, ಗೊರಟಿನ ಎರಡೂ ಕಡೆಯ ಕೆನ್ನೆ ಕತ್ತರಿಸಿಕೊಂಡು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಹೋಳು ಮಾಡಿ. ಚಾಕು ಹರಿತವಾಗಿರಲಿ. ಮೊಂಡು ಚಾಕುವಿನಲ್ಲಿ ಹೆಚ್ಚಿದರೆ ಹಣ್ಣು ಜಜ್ಜಿಹೋಗಿ ಆಗಲೇ ರಸ ಬಿಡುತ್ತದೆ. ಗೊರಟಿಗೆ ಅಂಟಿದ್ದನ್ನು ಕೆರೆದು ಇದಕ್ಕೆ ಹಾಕಬೇಡಿ, ಅದು ಅಡುಗೆ ಮಾಡಿದವರ ಸಂಬಳ, ನಿಂತುಕೊಂಡು ಚೀಪಿ.

ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಹತ್ತು ನಿಮಿಷ ತಣ್ಣೀರಲ್ಲಿ ಹಾಕಿಟ್ಟು, ಆಮೇಲೆ ಗಟ್ಟಿಯಾಗಿ ಹಿಂಡಿ ತೆಗೆಯಿರಿ. ಘಾಟು ಇಳಿಯುತ್ತದೆ, ಇಲ್ಲದಿದ್ದರೆ ಸಂಜೆವರೆಗೂ ಬಾಯಲ್ಲಿ ಅದೇ. ಸೌತೆಕಾಯಿಯ ನಡುವಿನ ಬೀಜದ ಭಾಗ ತೆಗೆದುಬಿಡಿ, ನೀರೆಲ್ಲ ಇರುವುದು ಅಲ್ಲೇ. ಟೊಮೇಟೊ ಹಾಕಲೇಬೇಕು ಅಂದರೆ ಅದರದ್ದೂ ಬೀಜ, ಲೋಳೆ ತೆಗೆದು ಬರೀ ಗಟ್ಟಿ ಗೋಡೆ ಹೆಚ್ಚಿಕೊಳ್ಳಿ, ನಾನಂತೂ ಈಗ ಹಾಕುವುದನ್ನೇ ಬಿಟ್ಟಿದ್ದೇನೆ. ತೊಳೆದ ಕೊತ್ತಂಬರಿ ಸೊಪ್ಪನ್ನು ಬಟ್ಟೆಯ ಮೇಲೆ ಹರಡಿ ಒಣಗಿಸಿಕೊಂಡು ಹೆಚ್ಚಿ.

ಇಷ್ಟನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಬೆಳಿಗ್ಗೆಯೇ ಫ್ರಿಜ್‌ನಲ್ಲಿ ಇಡಬಹುದು. ತಟ್ಟೆ ಹಾಕಲು ಹತ್ತು ನಿಮಿಷ ಇದೆ ಅನ್ನುವಾಗ ಎಲ್ಲ ಸೇರಿಸಿ ನಿಂಬೆರಸ ಹಿಂಡಿ, ಕೈಯಲ್ಲೇ ಮೆಲ್ಲಗೆ ಕಲಸಿ. ಉಪ್ಪು, ಜೀರಿಗೆ ಪುಡಿ ಕಟ್ಟಕಡೆಗೆ, ಬಡಿಸುವ ಮುಂಚೆ. ರುಚಿ ನೋಡಿದಾಗ ಏನೋ ಕಮ್ಮಿ ಅನಿಸಿದರೆ ಉಪ್ಪಿಗೆ ಕೈ ಹಾಕುವ ಮೊದಲು ಇನ್ನೊಂದೆರಡು ಹನಿ ನಿಂಬೆರಸ ಹಾಕಿ ನೋಡಿ. ನೀವು ಬರೀ ಸಿಹಿ ಅಂದದ್ದಕ್ಕೂ ಅದೇ ಮದ್ದು.

ಬೇರೆ ಹಣ್ಣಲ್ಲಿ ಆಗುತ್ತದಾ ಅಂತಲೂ ಕೇಳಿದ್ದೀರಿ. ಅನಾನಸ್ ಬಹಳ ಚೆನ್ನಾಗಿ ಆಗುತ್ತದೆ, ಆದರೆ ಹಸಿಯಾಗಿ ಹಾಕಿದರೆ ನಾಲಿಗೆ ಚುರುಗುಟ್ಟುತ್ತದೆ. ಅದರಲ್ಲಿ ಬ್ರೋಮಿಲೇನ್ ಅನ್ನುವ, ಪ್ರೋಟೀನ್ ಒಡೆಯುವ ಕಿಣ್ವ ಇರುತ್ತದೆ. ದಪ್ಪ ಬಿಲ್ಲೆ ಮಾಡಿ ಕಾದ ದೋಸೆಹಂಚಿನ ಮೇಲೆ ಎಣ್ಣೆಯಿಲ್ಲದೆ ಎರಡೂ ಕಡೆ ಕಂದು ಗೆರೆ ಬರುವವರೆಗೆ ಸುಡಿ, ಬಿಸಿಗೆ ಆ ಚುರುಕು ಇಳಿಯುತ್ತದೆ, ನೀರೂ ಸ್ವಲ್ಪ ಇಂಗುತ್ತದೆ, ಸಿಹಿಗೆ ಒಂದು ಸುಟ್ಟ ವಾಸನೆ ಸೇರುತ್ತದೆ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ, ಅದರಲ್ಲಿ ಮಾಡಿದರೆ ಕಲಸಿದ ಕೂಡಲೇ ತಿಂದು ಮುಗಿಸಬೇಕು, ನನಗೆ ಆ ಅವಸರ ಇಷ್ಟ ಇಲ್ಲ. ಗಟ್ಟಿ ಸೀಬೆಹಣ್ಣು ಪರವಾಗಿಲ್ಲ, ಬೀಜ ತೆಗೆಯಿರಿ. ಬಾಳೆಹಣ್ಣು ಬೇಡ.

ನಿಮ್ಮ ಮನೆಯವರು "ಹಣ್ಣಿಗೆ ಈರುಳ್ಳಿ ಮೆಣಸಿನಕಾಯಿನಾ?" ಅಂತ ಮುಖ ಮಾಡಿದ್ದರು ಅಂದಿರಲ್ಲ, ಅವರಿಗೆ ಸ್ಕೂಲ್ ಗೇಟಿನ ಮುಂದೆ ಉಪ್ಪು ಖಾರ ಸವರಿ ಮಾರುತ್ತಿದ್ದ ಗಿಣಿಮೂತಿ ಮಾವಿನಕಾಯಿ ನೆನಪಿಸಿ. ಮೆಕ್ಸಿಕೋದಲ್ಲೂ ರಸ್ತೆ ಬದಿ ಮಾವಿಗೆ ಉಪ್ಪು, ಖಾರದಪುಡಿ, ನಿಂಬೆರಸ ಹಾಕಿಯೇ ಕೊಡುತ್ತಾರೆ. ಸಾಲ್ಸಾ ಅಂದರೆ ಅವರ ಸ್ಪ್ಯಾನಿಷ್‌ನಲ್ಲಿ ಸಾಸ್ ಅಂತಷ್ಟೇ ಅರ್ಥ. ತಮಾಷೆ ಅಂದರೆ ಮೆಣಸಿನಕಾಯಿ ಅವರ ಕಡೆಯದು, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂತು. ಮಾವು ನಮ್ಮ ಕಡೆಯದು, ಅಲ್ಲಿಗೆ ಹೋದ ದಾರಿಗಳಲ್ಲಿ ಒಂದು ಫಿಲಿಪೀನ್ಸ್‌ನ ಮನಿಲಾದಿಂದ ಮೆಕ್ಸಿಕೋದ ಅಕಪುಲ್ಕೊ ಬಂದರಿಗೆ ಹೋಗುತ್ತಿದ್ದ ಸ್ಪೇನಿನ ಹಡಗುಗಳು, ಅವು 1565ರಿಂದ 1815ರವರೆಗೆ ಓಡಾಡಿದವು. ಈಗಲೂ ಅಲ್ಲಿ ಒಂದು ಬಗೆಯ ಮಾವಿಗೆ ಮನಿಲಾ ಅಂತಲೇ ಹೆಸರು. ಹಾಗಾಗಿ ಬಟ್ಟಲಿನಲ್ಲಿರುವ ಎರಡು ಮುಖ್ಯ ಸಾಮಾನು ಒಂದರ ಊರಿಗೆ ಇನ್ನೊಂದು ನೆಂಟರ ಥರ ಹೋಗಿ ಅಲ್ಲೇ ಉಳಿದುಕೊಂಡಿವೆ. ಇದನ್ನು ಹೇಳಿದ ಮೇಲೂ ನಮ್ಮ ಯಜಮಾನರು ಒಪ್ಪಲಿಲ್ಲ, ಅಕ್ಕಿರೊಟ್ಟಿ ಜೊತೆ ಎರಡು ಸಲ ಹಾಕಿಸಿಕೊಂಡರು ಅಷ್ಟೇ.

ಹೌದು, ಯಾವುದರ ಜೊತೆ ಅನ್ನುವುದು ಮುಖ್ಯ. ಬರೀ ಚಿಪ್ಸ್ ಜೊತೆ ಕೊಟ್ಟರೆ ಅದು ಊಟ ಅನಿಸುವುದಿಲ್ಲ. ಬಿಸಿ ಅಕ್ಕಿರೊಟ್ಟಿ, ಜೋಳದ ರೊಟ್ಟಿ, ಮೀನು ತಿನ್ನುವವರಾದರೆ ತವಾದಲ್ಲಿ ಹುರಿದ ಮೀನು, ಇವಕ್ಕೆ ಚೆನ್ನಾಗಿ ಹೊಂದುತ್ತದೆ. ಮೊಸರನ್ನದ ಪಕ್ಕ ಉಪ್ಪಿನಕಾಯಿ ಬದಲು ಇದನ್ನು ಇಟ್ಟು ನೋಡಿ, ಏಪ್ರಿಲ್ ಮೇ ಸೆಕೆಯಲ್ಲಿ ನಮ್ಮ ಮನೆಯಲ್ಲಿ ವಾರಕ್ಕೆ ಎರಡು ರಾತ್ರಿ ಇಷ್ಟೇ ಊಟ. ಸಾರು, ಸಾಂಬಾರಿನ ಜೊತೆ ಬೇಡ, ಎರಡೂ ಹುಳಿ ಆಗಿ ಜಗಳ ಆಡುತ್ತವೆ.

ಹೊರಗೆ ತುಂಬಾ ಹೊತ್ತು ಇಡಬೇಡಿ. ಸೆಕೆಗಾಲದಲ್ಲಿ ಹೆಚ್ಚಿದ ಹಣ್ಣು ಮೇಜಿನ ಮೇಲೆ ಒಂದು ಗಂಟೆ ಇದ್ದರೆ ಸಾಕು, ಆಮೇಲೆ ಫ್ರಿಜ್‌ಗೆ ಹೋಗಬೇಕು, ಮಾರನೇ ದಿನಕ್ಕೆ ಮುಗಿಯಬೇಕು. ಮಾರನೇ ದಿನ ನೀರು ಬಿಟ್ಟೇ ಬಿಟ್ಟಿರುತ್ತದೆ, ಅದಕ್ಕೆ ಬೇಸರ ಬೇಡ. ಜರಡಿಯಲ್ಲಿ ಸೋಸಿ, ಹೋಳುಗಳನ್ನು ಗಟ್ಟಿ ಮೊಸರಿಗೆ ಹಾಕಿ ಮೇಲೆ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟರೆ ಪಚಡಿ. ಸೋಸಿದ ರಸವನ್ನು ಮಜ್ಜಿಗೆಗೆ ಬೆರೆಸಿ ಕುಡಿಯಿರಿ. ಆವತ್ತು ನನ್ನ ರಸಪುರಿ ಸಾಲ್ಸಾದ್ದೂ ಕೊನೆಗೆ ಇದೇ ಗತಿ ಆಯಿತು, ಬಂದ ನೆಂಟರು ಕೇಳಿ ಕೇಳಿ ಹಾಕಿಸಿಕೊಂಡರು. ಅದಕ್ಕೆ ಏನಂತ ಹೆಸರು ಅಂದಾಗ ಅತ್ತೆ ನನ್ನ ಕಡೆ ನೋಡಿದರು, ನಾನು ಅಡುಗೆಮನೆಗೆ ಹೋದೆ.