‘ವ್ಯವಸಾಯ’ ಎಂಬ ಬೋರ್ಡಿನ ಮುಂದೆ

ಇವರನ್ನು ಇಲ್ಲಿ ಶಾರದಾ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಹತ್ತುವ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಶಾರದಾ ಆಪ್ತ ಸಲಹೆಗೆಂದು ನನ್ನ ಬಳಿಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂಬ ದೂರಿನೊಂದಿಗೆ. ವಯಸ್ಸು 37. ವಿಟ್ಲದ ಕಡೆಯ ತವರು. ಮದುವೆಯಾಗಿ ಕರ್ನಾಟಕದ ಗಡಿ ದಾಟಿ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆಗಿನ ಒಂದು ಹಳ್ಳಿಗೆ ಬಂದು 15 ವರ್ಷವಾಗಿದೆ. ಗಂಡನಿಗೆ ಸಣ್ಣ ಅಡಿಕೆ ತೋಟ. ಹಿಂದಿನ ಮಳೆಗಾಲದಲ್ಲಿ ಕೊಳೆರೋಗ ಬಂದು ಫಸಲು ಅರ್ಧಕ್ಕಿಳಿದಿತ್ತು. ಮಕ್ಕಳಿಬ್ಬರೂ ಕನ್ನಡ ಮಾಧ್ಯಮದ ಶಾಲೆಯಲ್ಲಿದ್ದಾರೆ. ಮನೆಯಲ್ಲಿ ಅತ್ತೆ ಇದ್ದಾರೆ.

ಮೊದಲ ಭೇಟಿಯಲ್ಲಿ ನಾನು ಹೇಳಿದ್ದು ನಿದ್ದೆಯ ಬಗ್ಗೆ ಎಲ್ಲರಿಗೂ ಹೇಳುವ ಮಾತು: ರಾತ್ರಿ ಮೊಬೈಲನ್ನು ಬೇರೆ ಕೋಣೆಯಲ್ಲಿಡಿ, ಸಂಜೆಯ ನಂತರ ಚಹಾ ಬೇಡ. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಎರಡನೆಯ ಸಲ ಬಂದಾಗ ಅವರ ಕೈಯಲ್ಲಿ ದಪ್ಪನೆಯ ನೀಲಿ ಫೈಲು ಇತ್ತು. ಬಿಚ್ಚಿ ತೋರಿಸಿದರು. ಅಣಬೆ ಬೇಸಾಯದ ತರಬೇತಿ ಪತ್ರ, ಬಟ್ಟೆ ಚೀಲ ಹೊಲಿಯುವ ತರಬೇತಿ ಪತ್ರ, ಹಲಸಿನ ಮೌಲ್ಯವರ್ಧನೆಯ ಶಿಬಿರದ ಟಿಪ್ಪಣಿ, ಹತ್ತಾರು ಯೋಜನೆಗಳ ಹೆಸರು ಬರೆದುಕೊಂಡ ಹಾಳೆಗಳು. “ಎಲ್ಲರೂ ಮಲಗಿದ ಮೇಲೆ ಹುಡುಕುತ್ತೇನೆ, ಟೀಚರ್. ಹುಡುಕಿದಷ್ಟೂ ನನಗೇನೂ ಗೊತ್ತಿಲ್ಲ ಎಂದೇ ಆಗುತ್ತದೆ,” ಎಂದರು. ನಾನು ಹಿಂದೆ ಶಾಲೆಯಲ್ಲಿದ್ದವಳು, ಹಾಗಾಗಿ ಊರಿಗೆಲ್ಲ ಟೀಚರ್.

ಅವರು ಮಾಡಬೇಕೆಂದಿದ್ದದ್ದು ಹಲಸಿನ ಹಪ್ಪಳ ಮತ್ತು ಮಾಂಬಳ (ಮಾವಿನ ಹಣ್ಣಿನ ರಸವನ್ನು ಹಾಳೆಯಂತೆ ಒಣಗಿಸಿದ್ದು). ಅತ್ತೆಯ ಕೈಯ ಹಪ್ಪಳಕ್ಕೆ ನೆಂಟರಲ್ಲಿ ಹೆಸರಿದೆ. ಅದನ್ನು ಮಾರಿದರೆ ಹೇಗೆ ಎಂಬ ಯೋಚನೆ ಮೂರು ವರ್ಷಗಳಿಂದ ಇತ್ತು. ಹಾಗಾದರೆ ತಡೆದದ್ದು ಯಾವುದು? ಫೈಲನ್ನು ಅವರ ಮುಂದಿಟ್ಟು, ಇದರಲ್ಲಿ ಯಾವ ಕಾಗದವನ್ನು ನೋಡಲು ನಿಮಗೆ ಮನಸ್ಸಿಲ್ಲ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೊನೆಯ ಲಕೋಟೆಯಿಂದ ಒಂದು ಹಾಳೆ ತೆಗೆದರು. ಮುದ್ರಾ ಸಾಲ ಮಂಜೂರಾಗಿದೆ ಎಂಬ ಪತ್ರ. ಮೊಹರು, ಸಹಿ ಎಲ್ಲ ಇದ್ದವು. ಫೋನಿನಲ್ಲಿ ಒಬ್ಬ ವ್ಯಕ್ತಿ ಚೆಂದದ ಕನ್ನಡದಲ್ಲಿ ಮಾತಾಡಿ, ಫೈಲಿನ ಖರ್ಚು, ವಿಮೆ, ತೆರಿಗೆ ಎಂದು ಮೂರು ಕಂತಿನಲ್ಲಿ 12,500 ರೂಪಾಯಿ ಹಾಕಿಸಿಕೊಂಡಿದ್ದ. ಅದು ಬಳೆ ಅಡವಿಟ್ಟು ತಂದ ಹಣ. ಗಂಡನಿಗೆ ಗೊತ್ತಿಲ್ಲ.

“ಅವನು ಕನ್ನಡದಲ್ಲಿ ಮಾತಾಡಿದ, ಟೀಚರ್. ಅದಕ್ಕೇ ನಂಬಿದೆ.”

ಈ ಮಾತು ನನಗೆ ಇಂದಿಗೂ ಚುಚ್ಚುತ್ತದೆ. ಶಾರದಾ ಅವರಿಗೆ ಮಲಯಾಳ ಓದಲು ಬಾರದು. ಪೇಟೆಯಲ್ಲಿ ತುಳುವಿನಲ್ಲಿ ಎಲ್ಲವೂ ನಡೆಯುತ್ತದೆ, ಕಚೇರಿಯ ಕಾಗದ ಮಾತ್ರ ನಡೆಯುವುದಿಲ್ಲ. ಒಮ್ಮೆ ನೆರೆಮನೆಯವರು ‘ವ್ಯವಸಾಯ’ ಕಚೇರಿಗೆ ಹೋಗಿ ಕೇಳಿ ಎಂದಿದ್ದರಂತೆ. ಕನ್ನಡದ ಕಿವಿಗೆ ವ್ಯವಸಾಯ ಎಂದರೆ ಬೇಸಾಯ. ಇವರು ನೇರವಾಗಿ ಕೃಷಿ ಭವನಕ್ಕೆ ಹೋದರು. ಅಲ್ಲಿ ಇದು ನಮ್ಮ ಕೆಲಸವಲ್ಲ ಎಂದರು. ಮಲಯಾಳದಲ್ಲಿ ವ್ಯವಸಾಯ ಎಂದರೆ ಕೈಗಾರಿಕೆ ಎಂದು ಅವರಿಗೆ ಹೇಳಿದವರಿಲ್ಲ. ಕಾಸರಗೋಡಿನ ವಿದ್ಯಾನಗರದಲ್ಲಿರುವ ‘ಜಿಲ್ಲಾ ವ್ಯವಸಾಯ ಕೇಂದ್ರ’ವೇ ಜಿಲ್ಲಾ ಕೈಗಾರಿಕಾ ಕೇಂದ್ರ; ಅವರು ಹುಡುಕುತ್ತಿದ್ದ ಬಾಗಿಲು ಅದೇ. ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗ ಎಷ್ಟೋ ಸಲ ಅದರ ಹೆಸರು ಕಿವಿಗೆ ಬಿದ್ದಿತ್ತು, ನಮಗಲ್ಲ ಎಂದು ಬಿಟ್ಟಿದ್ದರು. ಹೀಗೆ ಹಗಲಿನ ಕಚೇರಿಗಳು ಒಂದೊಂದಾಗಿ ದೂರವಾಗಿ, ರಾತ್ರಿಯ ಮೊಬೈಲ್ ಒಂದೇ ಉಳಿದಿತ್ತು. ಮೋಸಗಾರ ಸಿಕ್ಕಿದ್ದು ಅಲ್ಲಿ.

ನಾನು ಕೊಟ್ಟ ಮೊದಲ ಸಲಹೆಗೂ ಉದ್ಯಮಕ್ಕೂ ಸಂಬಂಧವಿಲ್ಲ: ಕಳೆದುಕೊಂಡ ಹಣದ ವಿಷಯವನ್ನು ಮನೆಯಲ್ಲಿ ಹೇಳಿ. ಗುಟ್ಟು ಇಟ್ಟುಕೊಂಡವರು ಯಾರನ್ನೂ ಧೈರ್ಯವಾಗಿ ಪ್ರಶ್ನೆ ಕೇಳಲಾರರು, ಎಲ್ಲಿ ಬಾಯಿ ತಪ್ಪಿ ಅದು ಹೊರಬೀಳುವುದೋ ಎಂಬ ಭಯವಿರುತ್ತದೆ. ಅವರು ಒಪ್ಪಲಿಲ್ಲ. ಎರಡು ವಾರ ಬರಲೂ ಇಲ್ಲ. ಬಂದಾಗ ಹೇಳಿದರು: ಗಂಡನಿಗೆ ಹೇಳಲಾಗಲಿಲ್ಲ, ಅತ್ತೆಗೆ ಹೇಳಿದೆ. ಅತ್ತೆ ಬೈಯಲಿಲ್ಲವಂತೆ. “ಅವನ ಹತ್ತಿರ ನಾನು ಮಾತಾಡುತ್ತೇನೆ, ನೀನು ಮಲಗು” ಎಂದರಂತೆ. ಆ ರಾತ್ರಿ ನಿದ್ದೆ ಬಂತು.

ಮರುದಿನವೇ 1930ಕ್ಕೆ ಕರೆ ಮಾಡಿಸಿದೆ. ಹಣದ ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ ಅದು. ಮೋಸ ನಡೆದ ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಇಲ್ಲಿ ತಿಂಗಳುಗಳೇ ಕಳೆದಿದ್ದವು, ಹಣ ಸಿಗುವ ಭರವಸೆಯನ್ನು ನಾನು ಕೊಡಲಿಲ್ಲ. ಆದರೂ ದೂರು ದಾಖಲಾಗಲಿ ಎಂದೆ. ತಪ್ಪು ತನ್ನದಲ್ಲ, ತನ್ನ ಮೇಲೆ ನಡೆದದ್ದು ಅಪರಾಧ ಎಂದು ಅವರಿಗೆ ಕಾಗದದಲ್ಲಿ ಕಾಣಬೇಕಿತ್ತು.

ಇದಾದ ಮೇಲೆ ಹಪ್ಪಳದ ಮಾತಿಗೆ ಬಂದೆವು. ನಾನು ಸಾಲ, ಸಹಾಯಧನಗಳ ತಜ್ಞೆಯಲ್ಲ. ಹಾಗೆಂದು ಅವರಿಗೂ ಹೇಳಿದೆ. ಫೈಲನ್ನು ಒಂದು ತಿಂಗಳು ನನ್ನ ಕಪಾಟಿನಲ್ಲಿಡಲು ಕೇಳಿಕೊಂಡೆ. ಬದಲಿಗೆ ಒಂದೇ ಹಾಳೆ ಕೊಟ್ಟೆ. ಅತ್ತೆಯ ಜೊತೆ ಕುಳಿತು ಬರೆಯಿರಿ: ಒಂದು ಹಲಸಿನಕಾಯಿಯಿಂದ ಎಷ್ಟು ಹಪ್ಪಳ, ಸೊಳೆ ಬಿಡಿಸುವುದರಿಂದ ಒಣಗಿಸಿ ಕಟ್ಟುವವರೆಗೆ ಎಷ್ಟು ಗಂಟೆ, ಸೌದೆ, ಮೆಣಸು, ಪ್ಲಾಸ್ಟಿಕ್ ಚೀಲ ಎಲ್ಲ ಸೇರಿ ಎಷ್ಟು ಖರ್ಚು. ಅವರು ತಂದ ಲೆಕ್ಕದಲ್ಲಿ ಎಲ್ಲವೂ ಇತ್ತು, ಇಬ್ಬರು ಹೆಂಗಸರ ಕೂಲಿ ಮಾತ್ರ ಇರಲಿಲ್ಲ. ಅದನ್ನು ಸೇರಿಸಿ ನೋಡಿದಾಗ, ಪೇಟೆಯ ಅಂಗಡಿಯವರು ಕೊಡುತ್ತೇನೆಂದಿದ್ದ ಬೆಲೆ ನಷ್ಟದ ಬೆಲೆ ಎಂದು ತಿಳಿಯಿತು. ಶಾರದಾ ಆ ಹಾಳೆಯನ್ನು ಎರಡು ಸಲ ಕೂಡಿಸಿ ನೋಡಿದರು.

ಎರಡನೆಯ ಸಲಹೆ: ಒಂದು ದಿನ ಒಂದೇ ಕಚೇರಿ, ಕೈಯಲ್ಲಿ ಬರೆದುಕೊಂಡ ಒಂದೇ ಪ್ರಶ್ನೆ. ಮೊದಲು ಹೋಗಬೇಕಾದದ್ದು ಮನೆಗೆ ಹತ್ತಿರದ ಕುಟುಂಬಶ್ರೀ ಸಿಡಿಎಸ್ ಕಚೇರಿಗೆ; ಕುಟುಂಬಶ್ರೀ ಎಂದರೆ ಕೇರಳ ಸರಕಾರದ ಮಹಿಳಾ ಸಂಘಗಳ ಯೋಜನೆ, ಸಿಡಿಎಸ್ ಅದರ ಪಂಚಾಯತಿ ಮಟ್ಟದ ಒಕ್ಕೂಟ. ಶಾರದಾ ಅದರ ಅಯಲ್ಕೂಟದ (ನೆರೆಹೊರೆಯ ಹೆಂಗಸರ ಗುಂಪಿನ) ಸದಸ್ಯೆಯಾಗಿದ್ದರೂ ವಾರದ ಉಳಿತಾಯ ಕಟ್ಟಿ ಎದ್ದು ಬರುತ್ತಿದ್ದರು. ಕುಟುಂಬಶ್ರೀಯಲ್ಲಿ ಸಣ್ಣ ಉದ್ಯಮದವರಿಗೆ ಲೆಕ್ಕ, ಯೋಜನೆ ಹೇಳಿಕೊಡಲೆಂದೇ ಸಲಹೆಗಾರರಿರುತ್ತಾರೆ. ಅಲ್ಲಿಂದ ಪಂಚಾಯತಿಗೆ. 2022ರಲ್ಲಿ ಕೇರಳ ಸರಕಾರ ಉದ್ಯಮ ವರ್ಷವನ್ನು ಘೋಷಿಸಿದಾಗ ಹೊಸಬರಿಗೆ ನೆರವಾಗಲು ಸ್ಥಳೀಯ ಸಂಸ್ಥೆಗಳಿಗೆ ಕೈಗಾರಿಕಾ ಇಲಾಖೆಯವರನ್ನು ನೇಮಿಸಿತ್ತು. ಕೊನೆಗೆ ವಿದ್ಯಾನಗರ. ಹಪ್ಪಳ ಒಣಗಿಸುವ, ಕೆಡದಂತೆ ಇಡುವ ಪ್ರಶ್ನೆಯಿದ್ದರೆ ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೆ ಸೇರಿದ ಕೃಷಿ ವಿಜ್ಞಾನ ಕೇಂದ್ರ ಇದೆ. ಎಲ್ಲವೂ ಬಸ್ ಹೋಗುವ ದಾರಿಯಲ್ಲೇ ಇವೆ.

ಭಾಷೆಯ ಅಂಜಿಕೆ ಉಳಿದಿತ್ತು. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಂತೆ, ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಶಾರದಾ ಇದನ್ನು ಕೇಳಿದ್ದು ಅದೇ ಮೊದಲು. ಅರ್ಜಿಯನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಅವಮಾನವನ್ನು ಇಷ್ಟು ವರ್ಷ ನುಂಗಿದ್ದರು. ಹಕ್ಕಿದೆ ಎಂದಾಗ ಅವರಿಗೆ ಸಿಟ್ಟು ಬಂತು. ಆ ಸಿಟ್ಟು ಒಳ್ಳೆಯದೇ ಎಂದು ನಾನು ನಂಬಿದ್ದೇನೆ. ವಾಸ್ತವದಲ್ಲಿ ಹಕ್ಕು ಹೇಳಿದೊಡನೆ ಕನ್ನಡದ ಫಾರಂ ಮೇಜಿಗೆ ಬರುವುದಿಲ್ಲ. ಒಂದು ಕಚೇರಿಯಲ್ಲಿ ನಾಳೆ ಬನ್ನಿ ಎಂದು ಎರಡು ಸಲ ಕಳುಹಿಸಿದರು. ಮೂರನೆಯ ಸಲ ಅತ್ತೆಯೂ ಜೊತೆಗೆ ಹೋದರು, ಕೆಲಸವಾಯಿತು.

ಕಾಗದಪತ್ರದ ಕೆಲಸ ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರ ಕೊಡುವ ಉದ್ಯಮ್ ನೋಂದಣಿಗೆ ಬೇಕಾದದ್ದು ಆಧಾರ್ ಮತ್ತು ಪ್ಯಾನ್, ಶುಲ್ಕವಿಲ್ಲ. ಅದಕ್ಕೆ ಹಣ ಕೇಳುವ ತಾಣಗಳು ಸರಕಾರದ್ದಲ್ಲ ಎಂದು ಬರೆದು ಅವರ ಫೋನಿನ ಕವಚದೊಳಗೆ ಇಡಿಸಿದೆ. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿನವರಿಗೆ ಆಗ ಇದ್ದ ಆಹಾರ ಸುರಕ್ಷತಾ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಸಾಲದ ವಿಷಯದಲ್ಲಿ ಕೈಗಾರಿಕಾ ಕಚೇರಿಯವರು ಕಿರು ಆಹಾರ ಸಂಸ್ಕರಣಾ ಘಟಕಗಳ ಕೇಂದ್ರ ಯೋಜನೆಯನ್ನು ವಿವರಿಸಿದರು. ಅದರಲ್ಲಿ ಆಗ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ಸಹಾಯಧನ ಇತ್ತು. ಒಣಗಿಸುವ ಯಂತ್ರ ಕೊಳ್ಳುವುದಿದ್ದರೆ ಉಪಯುಕ್ತ. ಆದರೆ ಈ ವರ್ಷ ಸಾಲ ಬೇಡ ಎಂದು ಶಾರದಾ ತಾವೇ ತೀರ್ಮಾನಿಸಿದರು: ಈ ಬೇಸಗೆ ಬಿಸಿಲಿನಲ್ಲಿ ಒಣಗಿದಷ್ಟು ಸಾಕು, ಎಷ್ಟು ಮಾರಾಟವಾಗುತ್ತದೆ ಎಂದು ನೋಡಿ ಮುಂದಿನ ಮಾತು. ನನಗೆ ಬಹಳ ಸಮಾಧಾನವಾಯಿತು.

ಬಿಸು ಹಬ್ಬ ಕಳೆದ ವಾರ ಕೊನೆಯ ಭೇಟಿ. ಗಂಡ ಅಂಗಳದಲ್ಲಿ ಹಪ್ಪಳ ಒಣಹಾಕಲು ಅಡಿಕೆ ಸಲಾಕೆಯ ತಟ್ಟಿ ಕಟ್ಟಿಕೊಟ್ಟಿದ್ದಾರೆ. ಬಳೆ ಇನ್ನೂ ಬಿಡಿಸಿಲ್ಲ. ಚೀಲದ ಮೇಲಿನ ಚೀಟಿಯ ಬಗ್ಗೆ ಒಂದು ಪ್ರಶ್ನೆ ತಂದಿದ್ದರು: ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕಂತೆ, ಜೊತೆಗೆ ‘ಹಲಸಿನ ಹಪ್ಪಳ’ ಎಂದು ಕನ್ನಡದಲ್ಲೂ ದೊಡ್ಡದಾಗಿ ಹಾಕಬಹುದೇ? ಕೈಗಾರಿಕಾ ಕಚೇರಿಗೆ ಫೋನ್ ಮಾಡಿ ಕೇಳಿ ಎಂದೆ.

“ಕೇಳಿಯಾಯಿತು, ಟೀಚರ್. ಹಾಕಬಹುದಂತೆ. ನಿಮಗೂ ಹೇಳೋಣ ಎಂದು ಬಂದೆ.”